ರಾಯಚೂರಾಗ 60 ಸಾವಿರಕ್ಕ ಗೇಮಿಂಗ್ ಪಿಸಿ: ಅಂಗಡಿಯವ್ರು ಕೊಟ್ಟ ಲಿಸ್ಟ್ ಸರಿ ಅದ ಏನ್ರಿ?

ಹತ್ತಿಊರು_22 (ರಾಯಚೂರು)

ಎಲ್ರಿಗೂ ನಮಸ್ಕಾರ್ರಿ. ನಾನು ರಾಯಚೂರಿನಾಗ ಡಿಗ್ರಿ ಕೊನಿ ವರ್ಷ ಓದ್ಲಿಕತ್ತೀನಿ. ಎರಡು ವರ್ಷದಿಂದ ಸಂಜಿಮುಂದ ಹುಡುಗ್ರಿಗೆ ಟ್ಯೂಷನ್ ಹೇಳಿ 45 ಸಾವಿರ ಕೂಡ್ಸೀನಿ, ಉಳಿದ 15 ಸಾವಿರ ಈ ಸಲದ ಹತ್ತಿ ಮಾರಿದ ಮ್ಯಾಲ ಕೊಡ್ತೀನಂತ ನಮ್ಮಪ್ಪ ಒಪ್ಕೊಂಡಾನ. ಹಿಂಗಾಗಿ ಒಟ್ಟು 60, ಅದರ ಮ್ಯಾಲ ಒಂದು ರೂಪಾಯಿನೂ ಇಲ್ಲ. ಮಾನಿಟರ್, ಕೀಬೋರ್ಡ್, ಮೌಸ್ ಅಣ್ಣನವು ಅವ (22 ಇಂಚು, 1080ಪಿ, 75 ಹರ್ಟ್ಜ್), ಅವು ಬ್ಯಾಡ. ಆಡೋದು ವ್ಯಾಲರಂಟ್, ಜಿಟಿಎ 5, ಮತ್ತ ರಜಾದಾಗ ದೊಡ್ಡ ಆಟ ಒಂದೆರಡು. ಬ್ಲೆಂಡರ್ (3ಡಿ ಚಿತ್ರ ಮಾಡೋ ಸಾಫ್ಟ್‌ವೇರ್) ಕಲೀಬೇಕಂತನೂ ಭಾಳ ದಿನದ ಆಸೆ ಅದ.

ಇಲ್ಲೇ ಊರಾಗ ಒಂದು ಅಂಗಡ್ಯಾಗ ಕೇಳ್ದೆ. ಐ7 4770 ಪ್ರೊಸೆಸರ್, ಹೊಸಾ ಎಚ್81 ಮದರ್‌ಬೋರ್ಡು, 16 ಜಿಬಿ ಡಿಡಿಆರ್3 ರ‍್ಯಾಮ್, ಜಿಟಿ 730 4 ಜಿಬಿ ಗ್ರಾಫಿಕ್ಸ್ ಕಾರ್ಡು, 500 ವ್ಯಾಟ್ ಎಸ್‌ಎಂಪಿಎಸ್ (ಪಿಸಿಗೆ ಕರೆಂಟು ಕೊಡೋ ಡಬ್ಬಿ), ಮುಂದ ಗಾಜು ಇರೋ ಕ್ಯಾಬಿನೆಟ್ ಆರು ಆರ್‌ಜಿಬಿ (ಬಣ್ಣದ ಲೈಟಿನ) ಫ್ಯಾನ್ ಸಮೇತ, ಎಲ್ಲಾ ಸೇರಿ 38 ಸಾವಿರ ಅಂದ್ರು. "ಐ7 ಅದ ತಮ್ಮಾ, ಹತ್ತು ವರ್ಷ ನೋಡೋಹಂಗಿಲ್ಲ" ಅಂತಾರ. ಉಳಿದ 22 ಸಾವಿರ ಮನ್ಯಾಗ ಬ್ಯಾರೆದಕ್ಕ ಆಗ್ತದಂತ ಅಪ್ಪಗೂ ಇದೇ ಸರಿ ಕಾಣ್ಲಿಕತ್ತದ. ನನಗ ಮಾತ್ರ ಮನಸ್ಸು ಒಪ್ಪವಲ್ದು. ಇನ್ನೊಂದು, ನಮ್ಮ ಮನಿ ಜಿನ್ನಿಂಗ್ ಮಿಲ್ ಹಿಂದಿನ ಓಣ್ಯಾಗ ಅದ, ಸೀಸನ್ ಬಂದ್ರ ಕಿಟಕಿ ತುಂಬಾ ಹತ್ತಿ ಅರಳಿ ಹಾರ್ತದ, ಬ್ಯಾಸಿಗ್ಯಾಗ ನನ್ನ ರೂಮು ಒಲಿ ಹಂಗ ಕಾಯ್ತದ, ಎಸಿ ಇಲ್ಲ. ಇಂಥದ್ರಾಗ ಗೇಮಿಂಗ್ ಪಿಸಿ ತಡೀತದ ಏನ್ರಿ? ದಯಮಾಡಿ ತಿಳಿದವ್ರು ಹೇಳ್ರಿ.


ಸ್ಕ್ರೂಡ್ರೈವರ್_ಗಂಗಾವತಿ

ತಮ್ಮಾ, ಆ ಲಿಸ್ಟ್ ತಗೋಬ್ಯಾಡ. ಇಲ್ಲಿ ಗಂಗಾವತ್ಯಾಗ ನಂದು ರಿಪೇರಿ ಅಂಗಡಿ ಐತಿ, ಒಂಬತ್ತು ವರ್ಷ ಆತು, ಇಂಥಾ "ಐ7 ಗೇಮಿಂಗ್" ಪಿಸಿ ತಿಂಗಳಿಗೆ ಎರಡರೆ ನನ್ನ ಟೇಬಲ್ ಮ್ಯಾಲ ಬರ್ತಾವು, ತಂದ ಹುಡುಗ್ರ ಮುಖ ನೋಡಿದ್ರ ಹೊಟ್ಟಿ ಚುರ್ ಅಂತೈತಿ, ಅದಕ್ಕ ಬಿಡಿಸಿ ಹೇಳ್ತೀನಿ.

4770 ಅನ್ನೋದು 2013ರ ಪ್ರೊಸೆಸರ್. ನಾಕು ಕೋರ್, ಎಂಟು ಥ್ರೆಡ್. 2022ರ ಐ3 12100ಎಫ್ ಅದಾವಲ್ಲ, ಅದಕ್ಕೂ ಅಷ್ಟೇ ನಾಕು ಕೋರ್ ಎಂಟು ಥ್ರೆಡ್, ಆದ್ರ ಒಂದೊಂದು ಕೋರಿನ ದುಡಿಮಿ ಲೆಕ್ಕಕ್ಕ ಹಿಡಿದ್ರ ಹಳೇ ಐ7 ಅದರ ಹತ್ರಕ್ಕೂ ಬರಂಗಿಲ್ಲ. ಐ7 ಅನ್ನೋ ಹೆಸರು ನೋಡಬ್ಯಾಡ, ಅದರ ಮುಂದಿನ ನಂಬರ್ ನೋಡು, 4ರಿಂದ ಸುರು ಆದ್ರ ನಾಕನೇ ಪೀಳಿಗಿ. ವಿಂಡೋಸ್ 11 ಅದನ್ನ ಒಪ್ಪಂಗಿಲ್ಲ, ಇಂಟೆಲ್‌ನಾಗ ಎಂಟನೇ ಪೀಳಿಗಿಯಿಂದ ಮ್ಯಾಲ ಬೇಕು, ವಿಂಡೋಸ್ 10ರ ಸಪೋರ್ಟು 2025ರ ಅಕ್ಟೋಬರ್ 14ಕ್ಕ ಮುಗೀತು. ಮತ್ತ ನೀನು ವ್ಯಾಲರಂಟ್ ಆಡ್ತೀನಂದಿ, ವಿಂಡೋಸ್ 11 ಮ್ಯಾಲ ಅದಕ್ಕ ಟಿಪಿಎಂ 2.0, ಸೆಕ್ಯೂರ್ ಬೂಟ್ (ಎರಡೂ ಪಿಸಿ ಒಳಗಿನ ಭದ್ರತಾ ವ್ಯವಸ್ಥಾ) ಆನ್ ಇರ್ಬೇಕು. ಆ ಎಚ್81 ಬೋರ್ಡಿನಾಗ ಟಿಪಿಎಂ 2.0 ಎಲ್ಲಿಂದ ತರ್ತಿ?

ಇನ್ನ ಜಿಟಿ 730. 4 ಜಿಬಿ ಅಂತ ದೊಡ್ಡದಾಗಿ ಬರೆದಿರ್ತಾರ, ಆ 4 ಜಿಬಿ ದೊಡ್ಡ ಹಗೇವು ಇದ್ದಂಗ, ಆದ್ರ ಕಾಳು ತೆಗಿಯೋ ಬಾಯಿ ಸಣ್ಣದು. ಡಿಡಿಆರ್3, 64 ಬಿಟ್ ಮಾಡೆಲ್ ಆದ್ರ ಸೆಕೆಂಡಿಗೆ ಸುಮಾರು 14 ಜಿಬಿ ಡೇಟಾ ಅಷ್ಟೇ ಓಡಾಡ್ತೈತಿ. ನಾನು ಕೆಳಗ ಹೇಳೋ ಆರ್‌ಎಕ್ಸ್ 6600 ಕಾರ್ಡಿನಾಗ ಅದೇ 224 ಜಿಬಿ. ಜಿಟಿ 730 ಎರಡನೇ ಮಾನಿಟರ್ ಹಚ್ಚಾಕ ಚಲೋ, ಆಟಕ್ಕಲ್ಲ.

ನಿನ್ನ 60ರಾಗ ನಾನಾದ್ರ ಹಿಂಗ ಕೂಡಿಸ್ತಿದ್ದೆ. ಎಎಂಡಿ ಕಂಪನಿದು ರೈಜೆನ್ 5 5600 ಪ್ರೊಸೆಸರ್ (ಆರು ಕೋರ್, ಹನ್ನೆರಡು ಥ್ರೆಡ್, 65 ವ್ಯಾಟ್, ಕೂಲರ್ ಡಬ್ಬದಾಗ ಬರ್ತೈತಿ), ಬಿ450 ಅಥವಾ ಎ520 ಬೋರ್ಡು, 8 ಜಿಬಿದು ಎರಡು ರ‍್ಯಾಮ್ 3200 ಸ್ಪೀಡಿಂದು, 500 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ (ಫೈಲ್ ಇಡೋ ಡಿಸ್ಕು), ಎಎಂಡಿ ಆರ್‌ಎಕ್ಸ್ 6600 8 ಜಿಬಿ ಕಾರ್ಡು, 550 ವ್ಯಾಟಿನ ಬ್ರಾಂಜ್ ದರ್ಜೆ ಎಸ್‌ಎಂಪಿಎಸ್, ಮುಂದ ಜಾಳಿಗಿ ಇರೋ ಸಾದಾ ಕ್ಯಾಬಿನೆಟ್. ರ‍್ಯಾಮ್ ರೇಟು ಈಗ ಮೈ ಉರಿಸಾಕತ್ತೈತಿ, ಎಐ ಸರ್ವರಿಗೆ ಮೆಮೊರಿ ಮಾಡೋದ್ರಾಗ ಫ್ಯಾಕ್ಟ್ರಿಗಳು ಬಿದ್ದಾವು, 2025ರ ಸುರುವಿನಾಗ 3 ಸಾವಿರದ ಆಸುಪಾಸು ಸಿಗ್ತಿದ್ದ 16 ಜಿಬಿ ಡಿಡಿಆರ್4 ಈಗ ಅದರ ಮೂರು ಪಟ್ಟು ಕೇಳ್ತಾರ. ಹಂಗಂತ ಒಂದೇ 8 ಜಿಬಿ ಹಾಕಿ ಮುಂದ ನೋಡೋಣ ಅನ್ನಬ್ಯಾಡ, ಎರಡು ಕಡ್ಡಿ ಇದ್ರನ ಡ್ಯುಯಲ್ ಚಾನಲ್ (ಎರಡು ದಾರ್ಯಾಗ ಡೇಟಾ ಓಡೋದು), ಇಲ್ಲಂದ್ರ ಆಟ ತಡವರಿಸ್ತೈತಿ. ಕೂಡಿಸಿದ ಮ್ಯಾಲ ಬಯಾಸ್‌ನಾಗ (ಬೋರ್ಡಿನ ಮೂಲ ಸೆಟ್ಟಿಂಗ್) ಎಕ್ಸ್‌ಎಂಪಿ, ಅಂದ್ರ ರ‍್ಯಾಮ್ ಪೂರ್ತಿ ಸ್ಪೀಡಿನಾಗ ಓಡೋ ಸೆಟ್ಟಿಂಗ್, ಆನ್ ಮಾಡೋದು ಮರೀಬ್ಯಾಡ, ನಮ್ಮ ಕಡಿ ಅರ್ಧಕ್ಕರ್ಧ ಮಂದಿ 3200ರ ರ‍್ಯಾಮ್ ತಗೊಂಡು 2400ರಾಗ ಓಡಿಸಾಕತ್ತಿರ್ತಾರ.

ರೊಕ್ಕ ಕಡಿಮಿ ಬಿದ್ರ ಬೋರ್ಡಿನಾಗ ಕಡಿಮಿ ಮಾಡು, ಕ್ಯಾಬಿನೆಟ್ಟಿನ ಲೈಟಿನಾಗ ಕಡಿಮಿ ಮಾಡು, ಎಸ್‌ಎಂಪಿಎಸ್‌ನಾಗ ಮಾತ್ರ ಬ್ಯಾಡ. ಡಬ್ಬದ ಮ್ಯಾಲಿನ ವ್ಯಾಟ್ ನಂಬಬ್ಯಾಡ, ಪಕ್ಕದ ಲೇಬಲ್ ಓದು, ಇನ್‌ಪುಟ್ ಅಂತ ಇರೋ ಕಡಿ 100-240 ವೋಲ್ಟ್ ಅಂತಿದ್ರ ತಗೋ, 200-240 ಅಂತಿದ್ರ ಬಿಡು. ಇಲ್ಲಿ ರೈಸ್ ಮಿಲ್ಲಿನ ಮೋಟಾರು ಸುರು ಆದ್ರ ಮನಿ ಲೈಟು ಮಬ್ಬಾಗ್ತಾವು, ವೋಲ್ಟೇಜ್ 170ಕ್ಕ ಬೀಳ್ತೈತಿ, ಆವಾಗ ಎರಡನೇ ಜಾತಿದು ಪಟ್ಟಂತ ರೀಸ್ಟಾರ್ಟ್ ಆಗ್ತೈತಿ, ಮೊದಲನೇದಕ್ಕ ಗೊತ್ತೂ ಆಗಂಗಿಲ್ಲ. ನಿಮ್ಮ ಓಣ್ಯಾಗ ಜಿನ್ನಿಂಗ್ ಮಿಲ್ ಐತಿ ಅಂದ ಮ್ಯಾಲ ಇದೇ ಕತಿ.


ಶಕ್ತಿನಗರ_ಕ್ವಾರ್ಟರ್ಸ್

ಅಣ್ಣಾರು ಪಾರ್ಟ್ಸ್ ಎಲ್ಲಾ ಸರಿ ಹೇಳ್ಯಾರ, ನಾನು ಬಿಸಿಲು ಧೂಳಿನ ಬಗ್ಗೆ ಅಷ್ಟೇ ಹೇಳ್ತೀನಿ, ಯಾಕಂದ್ರ ಥರ್ಮಲ್ ಪ್ಲಾಂಟಿನ ಬಾಜೂಕ ಹುಟ್ಟಿ ಬೆಳದೀನಿ, ಹಾರುಬೂದಿ ಅಂದ್ರೇನಂತ ನನ್ನ ಪಿಸಿಗೆ ಗೊತ್ತದ.

ಯೂಟ್ಯೂಬಿನಾಗ ಟೆಂಪರೇಚರ್ ತೋರಿಸ್ತಾರಲ್ಲ, ಅವೆಲ್ಲಾ 22-25 ಡಿಗ್ರಿ ಎಸಿ ರೂಮಿನಾಗ ಅಳದಿದ್ದು. ಕೂಲರ್ ರೂಮಿಗಿಂತ ತಣ್ಣಗ ಮಾಡ್ಲಿಕ್ಕೆ ಆಗೋದಿಲ್ಲ, ರೂಮಿನ ಬಿಸಿ ಮ್ಯಾಲ ಇಷ್ಟು ಡಿಗ್ರಿ ಅಂತ ಕೂಡಿಸ್ಕೋಬೇಕು. ಅಲ್ಲಿ 25 ರೂಮಿನಾಗ ಪ್ರೊಸೆಸರ್ 70 ತೋರಿಸಿದ್ರ, ಅದೇ ಆಟ ನಮ್ಮ ಮೇ ತಿಂಗಳ 40 ಡಿಗ್ರಿ ರೂಮಿನಾಗ 85 ಮುಟ್ತದ. 5600ರ ಮಿತಿ 90, ಅದನ್ನ ಮುಟ್ಟಿದ ಮ್ಯಾಲ ತಾನೇ ಸ್ಪೀಡ್ ಇಳಿಸ್ಕೋತದ, ಸುಡಂಗಿಲ್ಲ, ಆದ್ರ ಆಟ ಜಗ್ತದ. ಅದಕ್ಕ 65 ವ್ಯಾಟಿನ ಪ್ರೊಸೆಸರ್, 132 ವ್ಯಾಟಿನ 6600 ನಮ್ಮ ಊರಿಗೆ ಸರಿಯಾದ ಜೋಡಿ. ಸೆಕೆಂಡ್ ಹ್ಯಾಂಡ್‌ನಾಗ ಆರ್‌ಎಕ್ಸ್ 580 ಸೋವಿಗೆ ಸಿಗ್ತದಂತ ಯಾರಾರ ಹೇಳಬಹುದು, 185 ವ್ಯಾಟ್ ತಿಂತದ ತಮ್ಮಾ, ಅಷ್ಟೂ ಬಿಸಿ ನಿನ್ನ ರೂಮಿಗೇ ಬರೋದು, ಮ್ಯಾಲ ಅದರಾಗ ಭಾಳಷ್ಟು ಕ್ರಿಪ್ಟೊ ನಾಣ್ಯದ ಮೈನಿಂಗ್‌ನಾಗ ಹಗಲು ರಾತ್ರಿ ದುಡಿದು ಬಂದಿದ್ದು ಇರ್ತಾವ, 2048ಎಸ್‌ಪಿ ಅಂತ ಇನ್ನೊಂದು ಕಡಿಮಿ ಶಕ್ತಿದನ್ನ ಅದೇ ಹೆಸರಿನ ಮ್ಯಾಲ ಮಾರ್ತಾರ.

ಗಾಜಿನ ಮುಖದ ಕ್ಯಾಬಿನೆಟ್ ಖಂಡಿತ ಬ್ಯಾಡ. ಫ್ಯಾನ್ ಆರು ಇದ್ರೂ ಗಾಳಿ ಒಳಗ ಬರೋ ದಾರಿ ಇಲ್ಲ, ಆ ಬಿಸಿ ಗಾಳಿನ ಒಳಗ ತಿರುಗ್ತಿರ್ತದ. ಮುಂದ ಜಾಳಿಗಿ, ಎರಡು ಫ್ಯಾನ್ ಒಳಗ ಎಳಿಲಿಕ್ಕೆ, ಹಿಂದ ಒಂದು ಹೊರಗ ಹಾಕ್ಲಿಕ್ಕೆ. ಒಳಗ ಬರೋ ಗಾಳಿ ಜಾಸ್ತಿ ಇದ್ರ ಸಂದಿಗೊಂದಿಯಿಂದ ಧೂಳು ನುಗ್ಗೋದು ಕಡಿಮಿ ಆಗ್ತದ, ಎಲ್ಲಾ ಮುಂದಿನ ಫಿಲ್ಟರಿಗೇ ಬಂದು ಕೂಡ್ತದ.

ಹೋದ ವರ್ಷ ನಮ್ಮ ದೋಸ್ತಂದು, ಅವಂದೂ ರಾಯಚೂರಿನಾಗ ಮಿಲ್ ಹತ್ರನೇ ಮನಿ, ಪಿಸಿ ಆಡ್ತಾ ಆಡ್ತಾ ಬಂದ್ ಆಗ್ಲಿಕತ್ತಿತ್ತು. ಪ್ರೊಸೆಸರ್ ಹೋಗ್ಯದ ಅಂತ ಒಂದು ಕಡಿ ಹೇಳಿದ್ರಂತ. ನಾವಿಬ್ರೂ ಕೂತು ಕೂಲರಿನ ಫ್ಯಾನ್ ಬಿಚ್ಚಿದ್ವಿ. ಮ್ಯಾಲಿಂದ ನೋಡಿದ್ರ ಫ್ಯಾನ್ ಸ್ವಚ್ಛ ಇತ್ತು, ಕೆಳಗ ಅಲ್ಯೂಮಿನಿಯಂ ಹಲ್ಲಿನ ಮ್ಯಾಲ ಅರಳಿ ಧೂಳು ಕೂಡಿ ಕೌದಿ ಹಂಗ ಒಂದು ಪದರ ಕಟ್ಟಿತ್ತು, ಉಗುರಿನಿಂದ ಒಂದು ಮೂಲಿ ಎಬ್ಬಿಸಿದ್ರ ಇಡೀ ತುಂಡು ಹಪ್ಪಳ ಕಿತ್ತಂಗ ಬಂತು. ತಗದು, ಪ್ರೊಸೆಸರಿನ ಬಿಸಿ ಕೂಲರಿಗೆ ದಾಟಿಸೋ ಪೇಸ್ಟ್ ಹಚ್ಚಿ ಕೂಡಿಸಿದ್ವಿ, 20 ಡಿಗ್ರಿ ಕೆಳಗ ಇಳೀತು, ಇವತ್ತಿಗೂ ಅದೇ ಪ್ರೊಸೆಸರ್ ನಡದದ. ನೀನು ಸೀಸನ್ನಿನಾಗ ಹದಿನೈದು ದಿನಕ್ಕೊಮ್ಮೆ ಮುಂದಿನ ಫಿಲ್ಟರ್ ತಗದು ಝಾಡಿಸು, ತಿಂಗಳಿಗೊಮ್ಮೆ ಬ್ಲೋವರ್ ಹೊಡಿ, ಹೊಡಿಯೋವಾಗ ಫ್ಯಾನಿನ ರೆಕ್ಕಿ ಬೆರಳಿನಿಂದ ಹಿಡ್ಕೊ, ಗಾಳಿಗೆ ಸುಯ್ಯಂತ ತಿರುಗಿದ್ರ ಬೇರಿಂಗ್ ಹೋಗ್ತದ. ಪಿಸಿ ನೆಲದ ಮ್ಯಾಲ ಇಡಬ್ಯಾಡ, ಒಂದು ಸ್ಟೂಲ್ ಇದ್ರೂ ಸಾಕು.


ಬಳ್ಳಾರಿ_ಬಿಲ್ಡ್ಸ್

ನಾನು ಸ್ವಲ್ಪ ಬೇರೆ ಹೇಳ್ತೀನಿ, ಬೇಜಾರಾಗ್ಬೇಡ್ರಿ. ರ‍್ಯಾಮ್ ಇಷ್ಟು ದುಬಾರಿ ಇರೋ ಟೈಮಲ್ಲಿ 60 ಪೂರ್ತಿ ಯಾಕೆ ಸುರೀಬೇಕು? 5600ಜಿ ಪ್ರೊಸೆಸರ್ ತಗೊಂಡ್ರೆ ಅದರೊಳಗೇ ವೇಗಾ 7 ಗ್ರಾಫಿಕ್ಸ್ ಐತೆ, ವ್ಯಾಲರಂಟ್ ಲೋ ಸೆಟ್ಟಿಂಗಲ್ಲಿ ಅವನ 75 ಹರ್ಟ್ಜ್ ಮಾನಿಟರಿಗೆ ಸಾಕಾಗುತ್ತೆ, ಜಿಟಿಎ 5 ನೂ ಓಡುತ್ತೆ. ಕಾರ್ಡು ಮುಂದಿನ ವರ್ಷ ಹಾಕಿಕೊಳ್ಳಲಿ, ಅವರಪ್ಪನ ಮೇಲೆ ಭಾರ ಕಡಿಮೆ ಆಗುತ್ತೆ.

ಇನ್ನೊಂದು ಬ್ಲೆಂಡರ್ ಅಂದ್ಯಲ್ಲ ತಮ್ಮಾ, ರೆಂಡರ್ ಮಾಡೋಕೆ ಎನ್ವಿಡಿಯಾ ಕಂಪನಿ ಕಾರ್ಡೇ ಮುಂದೆ, ರೆಂಡರ್ ಜೋರು ಮಾಡೋ ಆಪ್ಟಿಕ್ಸ್ ಅದರಲ್ಲಿ ಐತೆ. ಆದ್ರೆ ಆರ್‌ಟಿಎಕ್ಸ್ 3050 ಅಂತ ಕೇಳಿದ್ರೆ ಅಂಗಡೀಲಿ 6 ಜಿಬಿದು ಕೈಗೆ ಕೊಡ್ತಾರೆ, ಅದು 2024ರಲ್ಲಿ ಬಂದಿದ್ದು, ಮೊದಲಿನ 8 ಜಿಬಿದಕ್ಕಿಂತ ಕೋರೂ ಕಡಿಮೆ, ಮೆಮೊರಿ ದಾರೀನೂ ಸಣ್ಣದು, ಬರೀ ಮೆಮೊರಿ ಕಡಿಮೆ ಮಾಡಿದ್ದಲ್ಲ. ನೋಡ್ಕೊಂಡು ತಗೋ.


ಸ್ಕ್ರೂಡ್ರೈವರ್_ಗಂಗಾವತಿ

ಬಳ್ಳಾರಿ ಅಣ್ಣ, ನಿಮ್ಮ ಮಾತಿನಾಗ ಅರ್ಥ ಐತಿ, ರೊಕ್ಕ 40ರಾಗ ಇದ್ದಿದ್ರ ನಾನೂ ಅದನ್ನ ಹೇಳ್ತಿದ್ದೆ. ಆದ್ರ 5600ಜಿ ನಾಗ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) 16 ಎಂಬಿ, ಸಾದಾ 5600 ನಾಗ 32. ಮುಂದ ಕಾರ್ಡು ಹಾಕಿದ ದಿನ ಆ ಅರ್ಧ ಕ್ಯಾಶ್ ಕಾಡ್ತೈತಿ, ಒಳಗಿನ ಗ್ರಾಫಿಕ್ಸ್ ಸುಮ್ನ ಕುಂತಿರ್ತೈತಿ. ಈ ಹುಡುಗನ ಕಡೆ 60 ಐತಿ, ಎರಡು ವರ್ಷ ಕಾದಾನ. ಒಮ್ಮೆಲೇ ಸರಿಯಾಗಿ ಕೂಡಿಸ್ಲಿ ಅಂತೀನಿ. ಬ್ಲೆಂಡರ್ ಕಲಿಯಾಕ 6600 ಸಾಕು, ಎಎಂಡಿ ಕಾರ್ಡಿನ ಮ್ಯಾಲೂ ರೆಂಡರ್ ಆಗ್ತೈತಿ, ನಿಧಾನ ಅಷ್ಟೇ.


ಹತ್ತಿಊರು_22 (ರಾಯಚೂರು)

ಎಲ್ಲಾ ಅಣ್ಣಾರಿಗೂ ಭಾಳ ಭಾಳ ಥ್ಯಾಂಕ್ಸ್ರಿ, ಅಪ್ಪಗೂ ಓದಿ ಹೇಳ್ದೆ. 5600, 6600 ಅಂತ ಗಟ್ಟಿ ಮಾಡೀನಿ. ಸಿಕಂದರಾಬಾದಿನ ಸಿಟಿಸಿಗೆ (ಕಂಪ್ಯೂಟರ್ ಅಂಗಡಿಗಳ ಮಾರ್ಕೆಟ್) ಹೋಗಿ ತರ್ಬೇಕಂತ, ರೈಲಿಗೆ ಮುಂಜಾನೆ ಹೋಗಿ ರಾತ್ರಿ ವಾಪಸ್ ಬರಬಹುದು.

ಎರಡು ಮಾತು ಉಳಿದಾವ. ಎಲ್ಲಾ ಕೂಡಿಸಿದ್ರ ಯುಪಿಎಸ್‌ಗೆ ರೊಕ್ಕ ಉಳಿಯೋದಿಲ್ಲ. ಮನ್ಯಾಗ ಇನ್ವರ್ಟರ್ ಅದ, ಅದರ ಮ್ಯಾಲ ನಡೀತದ? ಮತ್ತ ಅಣ್ಣನ ಹಳೇ ಪಿಸಿ ಕ್ಯಾಬಿನೆಟ್ ಬರಿಗಾಲಲ್ಲಿ ನಿಂತು ಮುಟ್ಟಿದ್ರ ಕೈ ಜುಮ್ ಅಂತದ, ಮೊದ್ಲಿಂದನೂ ಹಂಗ ಅದ ಅಂತ ಬಿಟ್ಟಿದ್ವಿ. ಹೊಸಾದಕ್ಕೂ ಹಂಗ ಆಗ್ತದ?


ಬಳ್ಳಾರಿ_ಬಿಲ್ಡ್ಸ್

ತಮ್ಮಾ ಎರಡನೇದು ಮೊದಲು ನೋಡು. ಅದು ಅರ್ಥಿಂಗ್ ಇಲ್ಲದ ಮನೆ. ನಿಮ್ಮ ಸಾಕೆಟ್ಟಲ್ಲಿ ಮೂರನೇ ತೂತು ಇರುತ್ತೆ, ಅದರ ಹಿಂದೆ ವೈರ್ ಇರಲ್ಲ. ಎಸ್‌ಎಂಪಿಎಸ್ ಒಳಗೆ ಕರೆಂಟಿನ ಗದ್ದಲ ತಡೆಯೋಕೆ ಎರಡು ಸಣ್ಣ ಕೆಪಾಸಿಟರ್ ಇರ್ತಾವೆ, ಅವು ಬಾಡಿಗೆ ಜೋಡಿಸಿರೋದು, ಅರ್ಥ್ ಇಲ್ಲ ಅಂದ್ರೆ ಬಾಡಿ ಮೇಲೆ ಹತ್ತತ್ರ 115 ವೋಲ್ಟ್ ನಿಂತುಬಿಡುತ್ತೆ. ಕರೆಂಟು ಬಹಳ ಕಡಿಮೆ, ಜುಮ್ ಅನ್ನೋದು ಅದಕ್ಕೇ. ಆದ್ರೆ ನಾಳೆ ಎಸ್‌ಎಂಪಿಎಸ್ ಒಳಗೆ ಬೇರೇನಾದ್ರೂ ಶಾರ್ಟ್ ಆದ್ರೆ ನಿನ್ನ ಕಾಪಾಡೋಕೆ ಏನೂ ಇರಲ್ಲ, ಮತ್ತೆ ಎಚ್‌ಡಿಎಂಐ ವೈರ್ ಚುಚ್ಚುವಾಗ ಕಿಡಿ ಹಾರಿ ಪೋರ್ಟ್ ಹೋಗಿರೋದನ್ನ ನಾನೇ ಕಣ್ಣಾರೆ ನೋಡೀನಿ. ಕಾರ್ಡು ಮನೆಗೆ ತರೋ ಮುಂಚೆ ಎಲೆಕ್ಟ್ರಿಷಿಯನ್ ಕರೆಸಿ ಗುಂಡಿ ತೋಡಿಸಿ ಇದ್ದಿಲು ಉಪ್ಪು ಹಾಕಿ ರಾಡ್ ಇಳಿಸಿ, ಅಲ್ಲಿಂದ ನಿನ್ನ ರೂಮಿನ ಸಾಕೆಟ್‌ವರೆಗೂ ವೈರ್ ಎಳೆಸು. ಬೇಸಿಗೇಲಿ ಆ ಗುಂಡಿಗೆ ವಾರಕ್ಕೊಂದು ಕೊಡ ನೀರು ಹಾಕ್ತಿರು, ಒಣಗಿದ್ರೆ ಅರ್ಥ್ ಸತ್ತಂಗೆ. ಮುಗಿದ ಮೇಲೆ ಮೀಟರ್ ಇಟ್ಟು ಫೇಸಿಗೂ ಅರ್ಥಿಗೂ 230ರ ಹತ್ರ, ನ್ಯೂಟ್ರಲ್ಲಿಗೂ ಅರ್ಥಿಗೂ ಒಂದೆರಡು ವೋಲ್ಟ್ ಅಷ್ಟೇ ಬರೋದನ್ನ ನಿನ್ನ ಮುಂದೆನೇ ತೋರಿಸೋಕೆ ಹೇಳು.

ಇನ್ವರ್ಟರ್ ಸೈನ್‌ವೇವ್ (ಮನೆ ಕರೆಂಟಿನಂಗೇ ನುಣುಪು ಅಲೆ ಕೊಡೋದು) ಆದ್ರೆ ನಡೆಯುತ್ತೆ. ಹಿಂದುಗಡೆ ಯುಪಿಎಸ್ ಮೋಡ್, ನಾರ್ಮಲ್ ಮೋಡ್ ಅಂತ ಒಂದು ಸ್ವಿಚ್ ಇರುತ್ತೆ ನೋಡು, ಯುಪಿಎಸ್ ಮೋಡಿಗೆ ಹಾಕು. ಎಸ್‌ಎಂಪಿಎಸ್ ಕರೆಂಟಿಲ್ಲದೆ 16-17 ಮಿಲಿಸೆಕೆಂಡ್ ಅಷ್ಟೇ ಉಸಿರು ಹಿಡಿಯುತ್ತೆ, ನಾರ್ಮಲ್ ಮೋಡಲ್ಲಿ ಇನ್ವರ್ಟರ್ ಅದಕ್ಕಿಂತ ಜಾಸ್ತಿ ಹೊತ್ತು ತಗೊಳ್ಳುತ್ತೆ. ಹಳೇ ಸ್ಕ್ವೇರ್‌ವೇವ್ ಆಗಿದ್ರೆ ಮಾತ್ರ ಹಚ್ಚಬೇಡ, ಒಳ್ಳೆ ಎಸ್‌ಎಂಪಿಎಸ್‌ಗಳೇ ಅದರ ಮೇಲೆ ಗುಂಯ್ ಅಂದು ಬಂದ್ ಆಗ್ತಾವೆ. ನಿನ್ನ ಪಿಸಿ ಆಟ ಆಡುವಾಗ 250-260 ವ್ಯಾಟ್ ಎಳೆಯುತ್ತೆ, ಫ್ಯಾನು ಲೈಟು ಎಲ್ಲಾ ಸೇರಿ ಇನ್ವರ್ಟರ್ ತಡೆಯುತ್ತಾ ಲೆಕ್ಕ ಹಾಕು. ಮುಂದೆ ಯುಪಿಎಸ್ ತಗೊಂಡ್ರೆ ವಿಎ ನೋಡಬೇಡ, ವ್ಯಾಟ್ ನೋಡು, 600 ವಿಎ ಅಂದ್ರೆ 360 ವ್ಯಾಟ್ ಅಷ್ಟೇ.


ಶಕ್ತಿನಗರ_ಕ್ವಾರ್ಟರ್ಸ್

ಸಿಟಿಸಿಗೆ ಹೋದ್ರ ಒಂದೊಂದು ಪಾರ್ಟಿಗೂ ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ ತಗೋ, ವಾರಂಟಿಗೆ ಅದೇ ಕೇಳ್ತಾರ. ಬೋರ್ಡು ಹಳೇ ಸ್ಟಾಕ್ ಆಗಿದ್ರ 5600ಕ್ಕ ಬಯಾಸ್ ಅಪ್‌ಡೇಟ್ ಬೇಕಾಗ್ತದ, ಅಲ್ಲೇ ಕೂಡಿಸಿ ಆನ್ ಮಾಡಿ ತೋರಿಸಂತ ಹೇಳು. ವಾಪಸ್ ಬರೋವಾಗ ರೈಲಿನಾಗ ಗ್ರಾಫಿಕ್ಸ್ ಕಾರ್ಡು ಬಿಚ್ಚಿ ಅದರ ಡಬ್ಬದಾಗ ಇಟ್ಕೊಂಡು ತೊಡಿ ಮ್ಯಾಲ ಹಿಡ್ಕೊಂಡು ಬಾ, ಬೋರ್ಡಿನಾಗ ಚುಚ್ಚಿಟ್ಟು ತಂದ್ರ ಕುಲುಕಾಟಕ್ಕ ಸ್ಲಾಟ್ ಮುರೀತದ.


ಹತ್ತಿಊರು_22 (ರಾಯಚೂರು)

ಇನ್ವರ್ಟರ್ ಹಿಂದ ನೋಡ್ದೆ, ಸೈನ್‌ವೇವ್ ಅಂತನೇ ಬರದದ, ಸ್ವಿಚ್ ನಾರ್ಮಲ್ ಮ್ಯಾಲ ಇತ್ತು, ಯುಪಿಎಸ್‌ಗೆ ಹಾಕೀನಿ. ನಾಳೆ ಎಲೆಕ್ಟ್ರಿಷಿಯನ್ ಬರ್ತಾನ, ಗುಂಡಿ ಹಿತ್ತಲದಾಗ ನಾನೇ ತೋಡ್ತೀನಂತ ಅಪ್ಪ ಅಂದಾನ. ಹತ್ತಿ ಸೋಮವಾರ ಗಂಜ್ ಮಾರ್ಕೆಟ್ಟಿಗೆ ಹೋಗ್ತದ.