ಕ್ಯಾಂಪರ್ ಜ್ಯಾಕ್ ಕಿರ್ ಅನ್ನುತ್ತಿದೆ, ಬಿಚ್ಚಬೇಕಾ? ಅನುಭವ ಇದ್ದವರು ಹೇಳಿ

ಹೊಸಬ:
ಪಿಕಪ್ ಟ್ರಕ್ ಮೇಲೆ ಕೂರುವ ಕ್ಯಾಂಪರ್, ಅಂದರೆ ಒಳಗೆ ಮಲಗಬಹುದಾದ ಪುಟ್ಟ ಮನೆ. ಅದನ್ನು ಟ್ರಕ್‌ನಿಂದ ಎತ್ತಿ ಇಳಿಸುವ ಮೂಲೆಗಾಲುಗಳು ನಾಲ್ಕೂ ಎಲೆಕ್ಟ್ರಿಕ್ ಜ್ಯಾಕ್, 9 ವರ್ಷ ಹಳೆಯವು. ಬಲಗಡೆ ಹಿಂದಿನದು ಭಾರ ಎತ್ತುವಾಗ ಕಿರ್ ಅಂತ ಕೂಗುತ್ತದೆ, ಉಳಿದ ಮೂರಕ್ಕಿಂತ ನಿಧಾನ. ಕಾಲು ನೆಲ ಬಿಟ್ಟಿದ್ದಾಗ ಸದ್ದೇ ಇಲ್ಲ. ಹಿಂದಿನ ಮಾಲೀಕರು ಯಾವತ್ತಾದರೂ ಗ್ರೀಸ್ ಹಾಕಿದ್ದರೋ ಇಲ್ಲವೋ ಗೊತ್ತಿಲ್ಲ. ಹೊರಗಿಂದ ಸ್ಪ್ರೇ ಹೊಡೆದರೆ ಸಾಕಾ, ಬಿಚ್ಚಲೇಬೇಕಾ? ಯಾವ ಗ್ರೀಸ್? ಎರಡು ವಾರದಲ್ಲಿ ಹೊರಡಬೇಕು.

ಗ್ರೀಸ್‌ಕೈ:
ಸ್ಪ್ರೇ ಅನ್ನೋ ಮಾತೇ ಎತ್ತಬೇಡಿ, ಹೊಟ್ಟೆ ಉರಿಯುತ್ತದೆ. ನಾಲ್ಕು ವರ್ಷ ನಾನೂ ಅದನ್ನೇ ಮಾಡಿದೆ. ಪ್ರತಿ ಸಲ ಹೊರಡುವ ಮುಂಚೆ ಕಾಲು ಇಳಿಸುವುದು, ಒಳಪೈಪು ಹೊಳೆಯುವ ಹಾಗೆ ಒರೆಸುವುದು, ಮೇಲಿಂದ ಕೆಳಗೆ ಸ್ಪ್ರೇ ಹೊಡೆಯುವುದು. ನೋಡೋಕೆ ಚೆಂದ. ಆದರೆ ಭಾರ ಹೊರುವುದು ಒಳಗಿನ ತಿರುಪು ಮತ್ತು ಅದರ ನಟ್ಟು. ಹೊರಗೆ ಹೊಡೆದದ್ದು ಒಂದು ಹನಿಯೂ ಅಲ್ಲಿಗೆ ಮುಟ್ಟಲ್ಲ.

ಐದನೇ ವರ್ಷ ಎಡಗಡೆ ಮುಂದಿನದು ಅರ್ಧದಲ್ಲಿ ಕೈಕೊಟ್ಟಿತು. ಮೋಟರ್ ತಿರುಗುತ್ತಿದೆ, ಕಾಲು ಅಲ್ಲಾಡುತ್ತಿಲ್ಲ. ಟ್ರಕ್ ಅರ್ಧ ಕೆಳಗೆ, ಅರ್ಧ ಆಚೆ. ಮರದ ದಿಮ್ಮಿ ಅಡ್ಡಡ್ಡ ಪೇರಿಸಿ, ಆನಿಸಿ, ಬೆರಳಷ್ಟು ಬೆರಳಷ್ಟೇ ಇಳಿಸಿದ್ದು. ಆರು ಗಂಟೆ ಹಿಡಿಯಿತು. ಬಿಚ್ಚಿದರೆ ಕಂಚಿನ ನಟ್ಟಿನೊಳಗೆ ಥ್ರೆಡ್ಡೇ ಇಲ್ಲ, ಬಳೆ ಹಾಗೆ ನುಣ್ಣಗಾಗಿದೆ. ತಿರುಪಿನ ಸಂದಿಯಲ್ಲಿ ಒಣಗಿ ಕಂದು ಬಣ್ಣಕ್ಕೆ ತಿರುಗಿದ ಹಳೇ ಗ್ರೀಸ್, ಅದರೊಳಗೆ ಮಿಣಮಿಣ ಹೊಳೆಯುವ ಹಳದಿ ಪುಡಿ. ಅದೇ ನನ್ನ ನಟ್ಟು.

ಈಗ ಖರ್ಚು ಕೇಳಿ. ನಟ್ಟು ಬಿಡಿಯಾಗಿ ಸಿಗಲಿಲ್ಲ, ಒಳಕಾಲಿನ ಜೊತೆಗೇ ತಗೊಳ್ಳಬೇಕು ಅಂದರು. ಹೊಸ ಜ್ಯಾಕಿನ ಅರ್ಧಕ್ಕಿಂತ ಜಾಸ್ತಿ. ಮೊದಲು ಬಂದದ್ದು ಗಿಡ್ಡ ಕಾಲು. ವಾಪಸ್ ಕಳಿಸುವ ಸಾಗಣೆ ನನ್ನದೇ. ಎರಡನೆಯದು ಬರುವಷ್ಟರಲ್ಲಿ 23 ದಿನ. ಸೇರಿಸುವಾಗ ನೋಡಿದರೆ ತಿರುಪಿನ ಭಾರ ತಡೆಯುವ ಮೇಲಿನ ಥ್ರಸ್ಟ್ ಬೇರಿಂಗ್‌ನಲ್ಲೂ ತುಕ್ಕು, ಅದು ಬೇರೆ. ತೊಳೆಯುವ ದ್ರಾವಣ ಎರಡು ಡಬ್ಬ. ಒಂದು ಪ್ಯಾಂಟು. ಆ ಸಲದ ರಜೆ ಪೂರ್ತಿ ಶೆಡ್ಡಿನಲ್ಲೇ ಕಳೆಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತಾರಲ್ಲ, ಆ ಗಾದೆ ನಾನೇ.

ಈಗ ವರ್ಷಕ್ಕೊಮ್ಮೆ ನಾಲ್ಕೂ ಬಿಚ್ಚುತ್ತೇನೆ. ನಂಬರ್ 2 ದಪ್ಪದ ಲಿಥಿಯಂ ಗ್ರೀಸ್, ತಿರುಪಿನ ಪೂರ್ತಿ ಉದ್ದಕ್ಕೂ.

ಒಣಸ್ಪ್ರೇ:
11 ವರ್ಷ ಆಯಿತು, ನನ್ನ ಜ್ಯಾಕಿನ ತಲೆ ಒಂದು ಸಲವೂ ಬಿಚ್ಚಿಲ್ಲ. ಒಣ ಸಿಲಿಕಾನ್ ಸ್ಪ್ರೇ ಮಾತ್ರ. ನಾಲ್ಕೂ ಇವತ್ತಿಗೂ ಬೆಣ್ಣೆ. ನಾನು ಮಾಡುವುದು ಇಷ್ಟೇ. ಕಾಲನ್ನು ಕೊನೆಯವರೆಗೂ ಚಾಚಲ್ಲ, ಕೊನೆಯವರೆಗೂ ಮೇಲಕ್ಕೆ ಎಳೆಯಲ್ಲ. ನಟ್ಟು ತುದಿಗೆ ಹೋಗಿ ಕಚ್ಚಿಕೊಂಡರೆ ಆಮೇಲೆ ಯಾವ ಗ್ರೀಸೂ ಕಾಪಾಡಲ್ಲ. ನಾಲ್ಕು ಮೂಲೆ ಒಟ್ಟಿಗೆ ಎತ್ತುತ್ತೇನೆ. ಒಂದನ್ನೇ ಗಂಟೆಗಟ್ಟಲೆ ಒತ್ತಿ ಹಿಡಿದರೆ ಪಕ್ಕದ ಮೂಲೆಗಳ ಭಾರವೂ ಸೇರಿ ಅದರ ತಲೆ ಮೇಲೇ ಬೀಳುತ್ತದೆ. ಮೇಲಿನವರು ಅದನ್ನು ಮಾಡಿರಬೇಕು. ನಟ್ಟು ಸವೆಯಿತು ಅಂತ ಸ್ಪ್ರೇಯನ್ನು ಬೈಯುವುದು, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಾಯಿತು.

ಗ್ರೀಸ್‌ಕೈ:
ನಾನು ಹೇಗೆ ಎತ್ತುತ್ತೇನೆ ಅಂತ ನೀವು ಬಂದು ನೋಡಿದ್ರಾ? ವರ್ಷಕ್ಕೆ ಎಷ್ಟು ಸಲ ಇಳಿಸುತ್ತೀರಿ ಅದನ್ನು ಮೊದಲು ಹೇಳಿ.

ಒಣಸ್ಪ್ರೇ:
ಎರಡು ಸಲ. ಅದಕ್ಕೇನೀಗ?

ಗ್ರೀಸ್‌ಕೈ:
ನಾನು ತಿಂಗಳಿಗೆ ಎರಡು ಸಲ. ಮಾತು ಮುಗಿಯಿತು.

ತಂತಿಮನುಷ್ಯ:
ಇಬ್ಬರೂ ಗ್ರೀಸಿನಲ್ಲೇ ಮುಳುಗಿದ್ದೀರಿ. ನಿಧಾನ ಆಗುತ್ತಿದೆ ಅಂದರೆ ಮೊದಲು ವೋಲ್ಟ್ ಮೀಟರ್ ಹಿಡಿಯಿರಿ. ನಾನೂ ಬಿಚ್ಚಿ, ತೊಳೆದು, ಗ್ರೀಸ್ ಹಾಕಿ, ಮತ್ತೆ ಬಿಚ್ಚಿ, ಹೊಸ ಮೋಟರ್ ಹಾಕಿದೆ. ಹೊಸ ಮೋಟರೂ ಅದೇ ಆಮೆ ನಡಿಗೆ. ಎರಡು ತಿಂಗಳು ಹಾಳು ಮಾಡಿಕೊಂಡ ಮೇಲೆ ಮೋಟರ್ ತುದಿಯಲ್ಲಿ ವೋಲ್ಟ್ ನೋಡಿದೆ. ಬ್ಯಾಟರಿ ಹತ್ತಿರ 12.4, ಭಾರ ಎತ್ತುತ್ತಿರುವಾಗ ಮೋಟರ್ ಹತ್ತಿರ 9.7.

ಲೆಕ್ಕ ನೋಡಿ. ನನ್ನ ಹಿಂದಿನ ಜ್ಯಾಕಿಗೆ ತಂತಿ ಒಂದು ಕಡೆಗೆ 6 ಮೀಟರ್, ಹೋಗಿ ಬರೋಕೆ 12. ದಪ್ಪ 2.5 ಚದರ ಮಿಲಿಮೀಟರ್. 25 ಆಂಪಿಯರ್ ಎಳೆದರೆ ತಂತಿಯಲ್ಲೇ 2.1 ವೋಲ್ಟ್ ಹೋಗುತ್ತದೆ. ಅದನ್ನೇ 6 ಚದರ ಮಿಲಿಮೀಟರ್ ಮಾಡಿದರೆ 0.9 ವೋಲ್ಟ್ ಒಳಗೆ. ಇನ್ನುಳಿದದ್ದನ್ನು ಜ್ಯಾಕ್ ಹತ್ತಿರದ ಪ್ಲಗ್ ತಿನ್ನುತ್ತಿತ್ತು. ಬಿಚ್ಚಿದರೆ ಪಿನ್ನಿನ ಮೇಲೆ ಹಸಿರು ಕಿಲುಬು, ಪ್ಲಾಸ್ಟಿಕ್ ಒಂದು ಕಡೆ ಕಂದಿದೆ. ಮುಟ್ಟಿದರೆ ಬಿಸಿ.

ತೆಗೆದ ಹಳೇ ಮೋಟರ್ ಇನ್ನೂ ಶೆಲ್ಫಿನಲ್ಲಿದೆ. ಚೆನ್ನಾಗಿಯೇ ಓಡುತ್ತದೆ. ನೋಡಿದಾಗಲೆಲ್ಲ ಸಂಕಟ.

ಹ್ಯಾಂಡಲ್:
ಇದಕ್ಕೇ ನಾನು ಮೋಟರ್ ಸಹವಾಸ ಬಿಟ್ಟು ಕೈಯಿಂದ ತಿರುಗಿಸುವ ಜ್ಯಾಕ್ ಹಾಕಿಸಿದ್ದು. ಪ್ಲಗ್ಗೂ ಇಲ್ಲ, ಮೀಟರೂ ಇಲ್ಲ. ಒಂದು ಮೂಲೆಗೆ ನೂರಾರು ಸುತ್ತು, ಭುಜ ಹಿಡಿದುಕೊಳ್ಳುತ್ತದೆ, ಒಪ್ಪುತ್ತೇನೆ. ಒಮ್ಮೆ ಆಸೆಪಟ್ಟು ಡ್ರಿಲ್ ಸಿಕ್ಕಿಸಿದೆ. ಕಾಲು ತುದಿಗೆ ಬಂದದ್ದು ಗಮನಿಸಲಿಲ್ಲ, ಡ್ರಿಲ್ಲೇ ತಿರುಗಿ ಮಣಿಕಟ್ಟು ಉಳುಕಿತು. ಆರು ವಾರ ಪಟ್ಟಿ. ಆಮೇಲೆ ಕೈಯೇ ಸರಿ.

ಒಂದು ಎಚ್ಚರಿಕೆ. ತಿರುಪಿಗೆ ಜಾಸ್ತಿ ಗ್ರೀಸ್ ಬಳಿದರೆ ಭಾರಕ್ಕೆ ಜ್ಯಾಕ್ ತಾನಾಗೇ ಜಾರಿ ಇಳಿಯುತ್ತದೆ. ಅದಕ್ಕೇ ನಾನು ತೆಳುವಾಗಿ ಹಚ್ಚುವುದು.

ತಿರುಪುಲೆಕ್ಕ:
ದಯವಿಟ್ಟು ಇಂಥದ್ದನ್ನು ಹರಡಬೇಡಿ. ಜ್ಯಾಕಿನಲ್ಲಿ ಸಾಮಾನ್ಯವಾಗಿ ಇರುವುದು ಅಕ್ಮೆ ಥ್ರೆಡ್, 29 ಡಿಗ್ರಿ ಹಲ್ಲಿನದು. ತಿರುಪು 25 ಮಿಲಿಮೀಟರ್ ದಪ್ಪ, ಒಂದು ಸುತ್ತಿಗೆ 5 ಮಿಲಿಮೀಟರ್ ಏರುತ್ತದೆ ಅಂದುಕೊಳ್ಳಿ. ಏರಿನ ಕೋನ ಮೂರೂವರೆ ಡಿಗ್ರಿಯ ಆಸುಪಾಸು. ಜಾರಬೇಕಾದರೆ ಘರ್ಷಣೆಯ ಗುಣಾಂಕ 0.06ರ ಹತ್ತಿರ ಇಳಿಯಬೇಕು. ಗ್ರೀಸ್ ಹಚ್ಚಿದ ಉಕ್ಕು, ಕಂಚಿನ ನಡುವೆ ಅದು 0.1ರಿಂದ 0.15. ಅಂದರೆ ಬಕೆಟ್‌ನಲ್ಲಿ ಅದ್ದಿದರೂ ನಿಂತ ಜಾಗದಲ್ಲೇ ನಿಲ್ಲುತ್ತದೆ. ಒಣಗಿಸಿ ಇಟ್ಟರೆ ಮಾತ್ರ ನಷ್ಟ. ಅದೇ ಭಾರಕ್ಕೆ ಒಂದೂವರೆ ಪಟ್ಟು ಬಲ ಬೇಕಾಗಬಹುದು, ಆ ಬಲವೆಲ್ಲ ನಟ್ಟು ಸವೆಸೋಕೆ ಹೋಗುತ್ತದೆ. ನಾನು ಬೇಡ ಅಂದರೂ ಕೇಳದೆ ನಮ್ಮ ಭಾವ ಹೀಗೇ "ತೆಳುವಾಗಿ" ಹಚ್ಚಿ ಎರಡು ಜ್ಯಾಕ್ ಕಳೆದುಕೊಂಡರು. ಇವತ್ತಿಗೂ ತಪ್ಪು ಜ್ಯಾಕಿನದೇ ಅಂತಾರೆ.

ಹ್ಯಾಂಡಲ್:
ಲೆಕ್ಕ ಕಾಗದದ ಮೇಲೆ ಚೆನ್ನಾಗಿರುತ್ತದೆ ಸಾರ್. ನನ್ನ ಕಣ್ಣೆದುರೇ ರಾತ್ರಿ ಕಳೆಯುವಷ್ಟರಲ್ಲಿ ಒಂದು ಮೂಲೆ ಅರ್ಧ ಇಂಚು ಇಳಿದಿತ್ತು.

ತಿರುಪುಲೆಕ್ಕ:
ಕಾಲಿನ ಕೆಳಗೆ ಹಲಗೆ ಇಟ್ಟಿದ್ರಾ? ಮಣ್ಣಿನ ನೆಲವಾ?

ಹ್ಯಾಂಡಲ್:
ನೆಲ ಗಟ್ಟಿಯೇ ಇತ್ತು.

ತಿರುಪುಲೆಕ್ಕ:
ಅಂದರೆ ಹಲಗೆ ಇರಲಿಲ್ಲ.

ಗ್ರೀಸ್‌ಕೈ:
😂

ಹ್ಯಾಂಡಲ್:
ನಗುವುದಕ್ಕೇನಿದೆ? ಆರು ಗಂಟೆ ದಿಮ್ಮಿ ಪೇರಿಸಿದವರು ನೀವು.

ಬೂದುಗ್ರೀಸ್:
ಗ್ರೀಸ್‌ಕೈ ಅವರು ಲಿಥಿಯಂ ಅಂತ ಒಂದೇ ಮಾತಲ್ಲಿ ಹೇಳಿ ಮುಗಿಸಿದರು. ಒಳಗೆ ಮೊದಲು ಏನಿತ್ತು ಅಂತ ಯಾರು ನೋಡುತ್ತಾರೆ? ನಾನು ನೋಡಲಿಲ್ಲ. ಒಳಗಿದ್ದದ್ದು ಪಾಲಿಯೂರಿಯಾ, ಅದು ಬೇರೆ ಜಾತಿಯ ಗ್ರೀಸ್. ಅದರ ಮೇಲೇ ಲಿಥಿಯಂ ತುಂಬಿದೆ. ಇವೆರಡಕ್ಕೂ ಸಾಮಾನ್ಯವಾಗಿ ಆಗಿಬರಲ್ಲ. ಮೂರು ತಿಂಗಳಲ್ಲಿ ನೀರು ನೀರಾಗಿ, ಕಾಲಿನ ತಳದ ಸಣ್ಣ ತೂತಿನಿಂದ ತೊಟ್ಟಿಕ್ಕೋಕೆ ಶುರು. ನೀರು ಹರಿದುಹೋಗಲಿ ಅಂತ ಬಿಟ್ಟಿರುವ ತೂತು ಅದು. ಗಲೀಜು ನೋಡಲಾರದೆ ಜಾಣನ ಹಾಗೆ ಸೀಲಂಟ್ ಹಾಕಿ ಮುಚ್ಚಿದೆ. ಇದು ಎರಡನೇ ತಪ್ಪು. ಮಳೆಗಾಲ ಮುಗಿದ ಮೇಲೆ ಆ ಕಾಲನ್ನು ಬಗ್ಗಿಸಿದಾಗ ಒಳಗೆ ಗುಳುಗುಳು ಸದ್ದು. ಒಂದು ಲೋಟದಷ್ಟು ಕೆಂಪು ನೀರು. ಒಳಪೈಪು, ತಿರುಪು, ಬೇರಿಂಗ್ ಮೂರೂ ಹೋದವು.

ನಾನು ಹೇಳುವುದು, ಹಳೆಯದನ್ನು ಪೂರ್ತಿ ತೊಳೆದೇ ಹೊಸದು ಹಾಕಿ. ತೂತು ಮುಚ್ಚಬೇಡಿ. ತಂತಿ ಚುಚ್ಚಿ ಬಿಡಿಸಿ ಇಡಿ.

ಒಣಸ್ಪ್ರೇ:
ನೋಡಿ, ಬಿಚ್ಚಿದವರದ್ದೇ ಎಲ್ಲ ಕಥೆ. ಬಿಚ್ಚದವನು ನಾನು ಸುಮ್ನೆ ಊರು ಸುತ್ತುತ್ತಿದ್ದೇನೆ.

ಬೂದುಗ್ರೀಸ್:
ವರ್ಷಕ್ಕೆ ಎರಡು ಸಲ.

ಆಯಿಲ್‌ಕಾಲು:
ಹೈಡ್ರಾಲಿಕ್ ಜ್ಯಾಕ್ ಹಾಕಿಸಿಕೊಂಡರೆ ತಿರುಪು, ನಟ್ಟು, ಗ್ರೀಸ್ ಯಾವ ಗೋಳೂ ಇಲ್ಲ. ನಾನು ಬದಲಾಯಿಸಿ ಆರು ವರ್ಷ. ಸೀಲು ಎರಡು ಸಲ ಹೋಯಿತು, ಅದು ಬಿಟ್ಟರೆ ಏನೂ ಇಲ್ಲ.

ತಂತಿಮನುಷ್ಯ:
ಎರಡು ಸಲ ಸೀಲು ಹೋಗುವುದಕ್ಕೆ "ಏನೂ ಇಲ್ಲ" ಅಂತಾರಾ? ನಿಂತ ಜಾಗದಲ್ಲೇ ತಾನಾಗಿ ಇಳಿಯುವುದು ನಿಮ್ಮದೇ ಅಲ್ವಾ ಮಾರಾಯ್ರೇ. ಹ್ಯಾಂಡಲ್ ಅವರು ಹೆದರಬೇಕಾದದ್ದು ಇದಕ್ಕೆ.

ಆಯಿಲ್‌ಕಾಲು:
ಇಳಿದದ್ದು ಒಂದೇ ಸಲ. ಆಗ ಒಳಗೆ ಯಾರೂ ಮಲಗಿರಲಿಲ್ಲ.

ಗ್ರೀಸ್‌ಕೈ:
ಜ್ಯಾಕ್ ಮೇಲೆ ನಿಲ್ಲಿಸಿ ಒಳಗೆ ಮಲಗುವವರು ಇದ್ದಾರಾ? ಯಾವ ಜ್ಯಾಕೇ ಆಗಲಿ, ಇಳಿಸಿದ ಮೇಲೆ ಕೆಳಗೆ ದಿಮ್ಮಿ ಅಥವಾ ಸ್ಟ್ಯಾಂಡ್ ಕೊಡಬೇಕು. ನಾಲ್ಕು ಸಣ್ಣ ಕಾಲಿನ ಮೇಲೆ ಅಷ್ಟು ಭಾರ ತೂಗಾಡುತ್ತದೆ, ಗಾಳಿ ಬೀಸಿದರೆ ಗೊತ್ತಾಗುತ್ತದೆ.

ಹ್ಯಾಂಡಲ್:
ನಾನು ಮಲಗುತ್ತೇನೆ. ಮುಂದುಗಡೆ ಸ್ವಲ್ಪ ಎತ್ತರ ಇಟ್ಟು. ಹತ್ತು ವರ್ಷದಿಂದ.

ತಿರುಪುಲೆಕ್ಕ:
ಹಲಗೆ ಇಲ್ಲದೆ.

ಹೊಸಬ:
ಎಲ್ಲರಿಗೂ ಥ್ಯಾಂಕ್ಸ್. ಜಗಳದ ನಡುವೆ ನನಗೆ ಬೇಕಾದದ್ದು ಸಿಕ್ಕಿತು. ಕ್ಯಾಂಪರನ್ನು ಟ್ರಕ್ ಮೇಲೆ ಕೂರಿಸಿಯೇ, ಕಾಲು ನೆಲ ಬಿಡಿಸಿ, ಬಲಗಡೆ ಹಿಂದಿನ ಮೋಟರನ್ನು ಎಡಗಡೆಯದಕ್ಕೆ ಅದಲು ಬದಲು ಮಾಡಿದೆ. ಆಮೇಲೆ ಮೆಲ್ಲಗೆ ಎತ್ತಿ ನೋಡಿದರೆ ಕಿರ್ ಸದ್ದು ಬಲಗಡೆಯೇ ಉಳಿಯಿತು. ಮೋಟರ್ ಸರಿ ಇದೆ. ಎತ್ತುವಾಗ ವೋಲ್ಟೂ ನೋಡಿದೆ. ಬಲಗಡೆ 11.3, ಎಡಗಡೆ 11.4. ಅಂದರೆ ತಂತಿಯದ್ದೂ ತಪ್ಪಿಲ್ಲ.

ಮತ್ತೆ ಭಾರ ಇಳಿಸಿ ಮೇಲಿನ ಮುಚ್ಚಳ ತೆಗೆದೆ. ಟಾರ್ಚ್ ಬಿಟ್ಟರೆ ತಿರುಪಿನ ಮೇಲ್ಭಾಗ ಬರೀ ಲೋಹ, ಕೆಳಗೆ ಎಲ್ಲೋ ಕಂದು ಉಂಡೆ. ಕಡ್ಡಿಯಲ್ಲಿ ಕೆರೆದು ಬಟ್ಟೆಗೆ ಉಜ್ಜಿದೆ. ಹಳದಿ ಪುಡಿ ಕಾಣಿಸಲಿಲ್ಲ. ಬಚಾವಾದೆ ಅಂತ ಕಾಣುತ್ತದೆ. ಶನಿವಾರ ತೊಳೆದು ಲಿಥಿಯಂ ತುಂಬುತ್ತೇನೆ. ಉಳಿದ ಮೂರನ್ನೂ ಈಗಲೇ ಬಿಚ್ಚಲಾ, ಬಂದ ಮೇಲೆ ಬಿಚ್ಚಲಾ?

ಗ್ರೀಸ್‌ಕೈ:
ಈಗಲೇ.

ಒಣಸ್ಪ್ರೇ:
ಮುಟ್ಟಲೇಬೇಡಿ.