ವಿವರದ ಪುಟದಿಂದ ಎಡಿಟ್‌ಗೆ ಹೋದರೆ ಮತ್ತೆ ವಿವರದ ಪುಟವೇ ಬರುತ್ತಿದೆ: ಪೋರ್ಟ್‌ಲೆಟ್ ಮೋಡ್ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ:
ಮೇಡಂ, ನಮಸ್ತೆ. ನಮ್ಮ ಆಫೀಸಿನ ಒಳಗಿನ ಪೋರ್ಟಲ್ ಲೈಫ್‌ರೇ ಅನ್ನುವ ಜಾವಾ ಪೋರ್ಟಲ್ ಸಾಫ್ಟ್‌ವೇರ್ ಮೇಲೆ ಓಡುತ್ತಿದೆ. ಅದರಲ್ಲಿ ರಜೆ ಅರ್ಜಿಗಳ ಒಂದು ಪೋರ್ಟ್‌ಲೆಟ್ (ಪೋರ್ಟಲ್ ಪುಟದೊಳಗೆ ಕೂರುವ ಚಿಕ್ಕ ಅಪ್ಲಿಕೇಶನ್) ಇದೆ. ಹಿಂದಿನ ಟೀಮ್ ಬರೆದದ್ದು, ಈಗ ನನ್ನ ಕೈಗೆ ಬಂದಿದೆ. ನಾನು ಇಲ್ಲಿಯವರೆಗೆ ಸರ್ವ್‌ಲೆಟ್ ಮತ್ತು ಸ್ಪ್ರಿಂಗ್ ಬೂಟ್‌ನಲ್ಲಿ ಮಾತ್ರ ಕೆಲಸ ಮಾಡಿದ್ದೇನೆ.

ವ್ಯೂ ಮೋಡ್‌ನಲ್ಲಿ ಅರ್ಜಿಗಳ ಪಟ್ಟಿ ಬರುತ್ತದೆ. ಒಂದರ ಮೇಲೆ ಕ್ಲಿಕ್ ಮಾಡಿದರೆ ಅದರ ವಿವರದ ಪುಟ. ಎಡಿಟ್ ಮೋಡ್‌ನಲ್ಲಿ ಒಂದು ಸಲಕ್ಕೆ ಎಷ್ಟು ಅರ್ಜಿ ತೋರಿಸಬೇಕು ಅಂತ ಬಳಕೆದಾರರು ಆರಿಸಿಕೊಳ್ಳಬಹುದು.

ತೊಂದರೆ ಎರಡು. ಪಟ್ಟಿಯಲ್ಲಿದ್ದಾಗ ಪೋರ್ಟ್‌ಲೆಟ್‌ನ ಮೆನುವಿನಿಂದ ಎಡಿಟ್‌ಗೆ ಹೋದರೆ ಸರಿಯಾದ ಪುಟ ಬರುತ್ತದೆ. ವಿವರದ ಪುಟದಲ್ಲಿದ್ದಾಗ ಹೋದರೆ ಮತ್ತೆ ಅದೇ ವಿವರದ ಪುಟ! ಮೋಡ್ ಯಾವುದು ಅಂತ ಲಾಗ್‌ನಲ್ಲಿ ಪ್ರಿಂಟ್ ಮಾಡಿ ನೋಡಿದೆ, ಎಡಿಟ್ ಅಂತಲೇ ಇದೆ. ಎರಡನೆಯದು, ಸೇವ್ ಒತ್ತಿದ ಮೇಲೂ ಎಡಿಟ್‌ನಲ್ಲೇ ಉಳಿಯುತ್ತದೆ. ಎಡಿಟ್ ಪುಟ ಬರೆಯುವ ಡುಎಡಿಟ್ ಮೆಥಡ್‌ನ ಕೊನೆಯಲ್ಲಿ ಮೋಡ್ ಬದಲಾಯಿಸೋಣ ಅಂದರೆ ಅಲ್ಲಿನ ರೆಸ್ಪಾನ್ಸ್‌ನಲ್ಲಿ ಆ ಸೌಲಭ್ಯವೇ ಇಲ್ಲ. ದಯವಿಟ್ಟು ದಾರಿ ತೋರಿಸಿ.

ಉತ್ತರ:
ನಮಸ್ಕಾರ. ಮೋಡ್ ಪ್ರಿಂಟ್ ಮಾಡಿ ನೋಡಿದ್ದು ಒಳ್ಳೇದಾಯಿತು. ಪೋರ್ಟಲ್ ನಿಮ್ಮನ್ನು ಎಡಿಟ್‌ಗೆ ಸರಿಯಾಗಿಯೇ ಕರೆದುಕೊಂಡು ಹೋಗಿದೆ. ಅಲ್ಲಿಗೆ ಹೋದ ಮೇಲೆ ಯಾವ ಜೆಎಸ್‌ಪಿ (ಪುಟದ ಟೆಂಪ್ಲೇಟ್ ಫೈಲ್) ತೋರಿಸಬೇಕು ಅನ್ನುವ ತೀರ್ಮಾನ ನಿಮ್ಮ ಕೋಡ್‌ನಲ್ಲಿ ಎಡವುತ್ತಿದೆ.

ಸರ್ವ್‌ಲೆಟ್ ಕಡೆಯಿಂದ ಬಂದವರು ಮೊದಲು ಒಂದು ವಿಷಯ ಬಿಡಿಸಿಕೊಳ್ಳಬೇಕು. ಪೋರ್ಟ್‌ಲೆಟ್‌ನಲ್ಲಿ ಮೋಡ್ ಬೇರೆ, ಪುಟ ಬೇರೆ. ಮೋಡ್ ಪೋರ್ಟಲ್‌ಗೆ ಗೊತ್ತಿರುವ ವಿಷಯ. ವ್ಯೂ, ಎಡಿಟ್, ಹೆಲ್ಪ್ ಈ ಮೂರೂ 2003ರ ಪೋರ್ಟ್‌ಲೆಟ್ ನಿಯಮಾವಳಿಯಾದ ಜೆಎಸ್‌ಆರ್ 168ರಲ್ಲೇ ಬಂದವು. 2008ರ ಜೆಎಸ್‌ಆರ್ 286ರಲ್ಲೂ 2017ರ ಜೆಎಸ್‌ಆರ್ 362ರಲ್ಲೂ ಹಾಗೇ ಉಳಿದವು. ವ್ಯೂ ಇರಲೇಬೇಕು, ಉಳಿದೆರಡು ಬೇಕಿದ್ದರೆ ಮಾತ್ರ. ಆದರೆ ನಿಮ್ಮ ಪಟ್ಟಿ ಪುಟ, ವಿವರದ ಪುಟ ಪೋರ್ಟಲ್‌ಗೆ ಗೊತ್ತೇ ಇಲ್ಲ. ಅವು ನಿಮ್ಮ ಮನೆಯೊಳಗಿನ ವ್ಯವಹಾರ. ಈಗ ಯಾವ ಪುಟದಲ್ಲಿದ್ದೀರಿ ಅನ್ನುವುದನ್ನು ನೀವು ರೆಂಡರ್ ಪ್ಯಾರಾಮೀಟರ್‌ನಲ್ಲಿ, ಅಂದರೆ ಪುಟ ಬರೆಯುವಾಗ (ರೆಂಡರ್) ಪೋರ್ಟ್‌ಲೆಟ್‌ಗೆ ಸಿಗುವ ಮೌಲ್ಯದಲ್ಲಿ, ಇಟ್ಟಿರುತ್ತೀರಿ, ಅಷ್ಟೇ.

ಒಂದು ಪೋರ್ಟಲ್ ಪುಟ ಅಂದರೆ ವಠಾರ ಇದ್ದ ಹಾಗೆ. ಒಳಗೆ ಹತ್ತು ಮನೆ, ಬೀದಿಗೆ ಒಂದೇ ಗೇಟು. ಬ್ರೌಸರ್‌ನಿಂದ ಬರುವ ಪ್ರತಿ ವಿನಂತಿಯೂ ಆ ಒಂದೇ ಗೇಟಿನಿಂದ ಬರಬೇಕು. ಪಕ್ಕದ ಪೋರ್ಟ್‌ಲೆಟ್‌ನಲ್ಲಿ ಕ್ಲಿಕ್ ಮಾಡಿದರೂ ಪುಟ ಪೂರ್ತಿ ಹೊಸದಾಗಿ ಬರುತ್ತದೆ, ನಿಮ್ಮದೂ ಮತ್ತೆ ರೆಂಡರ್ ಆಗುತ್ತದೆ. ಆಗ ನಿಮ್ಮ ವಿವರದ ಪುಟ ಹೋಗಿ ಸುಮ್ನೆ ಪಟ್ಟಿ ಬಂದುಬಿಟ್ಟರೆ ಓದುತ್ತಿದ್ದವರಿಗೆ ಕಿರಿಕಿರಿ ಅಲ್ವಾ? ಅದಕ್ಕೇ ಪೋರ್ಟ್‌ಲೆಟ್‌ಗಳನ್ನು ಓಡಿಸುವ ಕಂಟೇನರ್ ನಿಮ್ಮ ಹಿಂದಿನ ರೆಂಡರ್ ಪ್ಯಾರಾಮೀಟರ್‌ಗಳನ್ನು ಕಾಪಾಡಿಟ್ಟು ಮತ್ತೆ ಕೊಡುತ್ತದೆ.

ಇಲ್ಲೇ ನಿಮ್ಮ ಮೊದಲ ತೊಂದರೆಯ ಬೇರು ಇದೆ. ಮೋಡ್ ಬದಲಾಯಿಸಲು ಪೋರ್ಟಲ್ ತಾನೇ ತೋರಿಸುವ ಮೆನು ಅಥವಾ ಐಕಾನ್ ಒತ್ತಿದಾಗಲೂ ಇದೇ ನಿಯಮ. ಇರುವ ರೆಂಡರ್ ಪ್ಯಾರಾಮೀಟರ್‌ಗಳು ಹಾಗೇ ಉಳಿಯಬೇಕು ಅಂತ ಜೆಎಸ್‌ಆರ್ 168 ಸ್ಪಷ್ಟವಾಗಿ ಹೇಳುತ್ತದೆ. ಅಂದರೆ ನೀವು ಎಡಿಟ್‌ಗೆ ಹೋದಿರಿ, ಜೊತೆಗೆ ವಿವರದ ಪುಟದ ಹೆಸರೂ ನಿಮ್ಮ ಹಿಂದೆಯೇ ಬಂತು.

ಬರೀ ಜೆನೆರಿಕ್‌ಪೋರ್ಟ್‌ಲೆಟ್ ಆಗಿದ್ದರೆ ಅದರ ಡುಡಿಸ್ಪ್ಯಾಚ್ ಮೊದಲು ಮೋಡ್ ನೋಡುತ್ತದೆ. ಆಮೇಲೆ ಡುವ್ಯೂ, ಡುಎಡಿಟ್ ಅಥವಾ ಡುಹೆಲ್ಪ್ ಕರೆಯುತ್ತದೆ. ಲೈಫ್‌ರೇಯ ಎಂವಿಸಿಪೋರ್ಟ್‌ಲೆಟ್ ಹಾಗಲ್ಲ. ಎಂವಿಸಿಪಾತ್ ಅನ್ನುವ ಪ್ಯಾರಾಮೀಟರ್ ಇದ್ದರೆ ಮೊದಲು ಅದನ್ನೇ ನೋಡಿ ಆ ಜೆಎಸ್‌ಪಿಯನ್ನು ತೋರಿಸಿಬಿಡುತ್ತದೆ. ಅದು ಇಲ್ಲದಿದ್ದಾಗ ಮಾತ್ರ ಮೋಡ್ ಪ್ರಕಾರ ಹೋಗುತ್ತದೆ. ನಿಮ್ಮ ಹಿಂದಿನ ಟೀಮ್ ವಿವರದ ಲಿಂಕ್‌ನಲ್ಲಿ ಎಂವಿಸಿಪಾತ್ ಇಟ್ಟಿರುತ್ತಾರೆ. ಜೆಎಸ್‌ಪಿ ತೆರೆದು ನೋಡಿ.

ಸರಿಪಡಿಸಲು ಡುಡಿಸ್ಪ್ಯಾಚ್ ಅನ್ನು ನೀವೇ ಓವರ್‌ರೈಡ್ ಮಾಡಿ. ವಿಂಡೋ ಮಿನಿಮೈಸ್ ಆಗಿದ್ದರೆ ಏನೂ ಬರೆಯದೆ ಹಿಂತಿರುಗಿ. ಮೋಡ್ ಎಡಿಟ್ ಆಗಿದ್ದರೆ ನೇರವಾಗಿ ಡುಎಡಿಟ್, ಹೆಲ್ಪ್ ಆಗಿದ್ದರೆ ಡುಹೆಲ್ಪ್ ಕರೆಯಿರಿ. ಉಳಿದದ್ದಕ್ಕೆ ಮೂಲ ಕ್ಲಾಸ್‌ನ ಡುಡಿಸ್ಪ್ಯಾಚ್ ಸಾಕು. ಮಿನಿಮೈಸ್ ತಪಾಸಣೆ ಬಿಡಬೇಡಿ. ಮೂಲ ಕ್ಲಾಸ್ ಅದನ್ನು ನೋಡಿಕೊಳ್ಳುತ್ತಿತ್ತು, ಓವರ್‌ರೈಡ್ ಮಾಡಿದಾಗ ಆ ಹೊಣೆ ನಿಮ್ಮದು.

ಹೀಗೆ ಮಾಡಿದರೆ ಇನ್ನೊಂದು ಲಾಭ. ಬಳಕೆದಾರರು ಏನೂ ಸೇವ್ ಮಾಡದೆ ಮೆನುವಿನಿಂದಲೇ ವ್ಯೂಗೆ ವಾಪಸ್ ಬಂದರೆ ತಾವು ಬಿಟ್ಟುಹೋದ ವಿವರದ ಪುಟವೇ ಸಿಗುತ್ತದೆ. ಪ್ಯಾರಾಮೀಟರ್ ಉಳಿಸುವ ನಿಯಮ ಈಗ ನಿಮ್ಮ ಪರವಾಗಿ ಕೆಲಸ ಮಾಡುತ್ತದೆ.

ಎರಡನೇ ತೊಂದರೆಗೆ ಬರೋಣ. ಡುಎಡಿಟ್ ರೆಂಡರ್ ಹಂತದ ಮೆಥಡ್. ಆ ಹಂತ ಪುಟ ಬರೆಯುವುದಕ್ಕೆ ಮಾತ್ರ. ಅಷ್ಟು ಹೊತ್ತಿಗೆ ಮೋಡ್ ತೀರ್ಮಾನವಾಗಿರುತ್ತದೆ, ಅದಕ್ಕೇ ಬದಲಾಯಿಸುವ ಮೆಥಡ್ ನಿಮಗೆ ಸಿಗಲಿಲ್ಲ. ಮೋಡ್ ಬದಲಾಯಿಸುವ ಜಾಗ, ಫಾರ್ಮ್ ಸಲ್ಲಿಸಿದಾಗ ರೆಂಡರ್‌ಗೆ ಮೊದಲು ನಡೆಯುವ ಪ್ರೊಸೆಸ್‌ಆ್ಯಕ್ಷನ್. ಅಲ್ಲಿ ಫಾರ್ಮ್‌ನ ಮೌಲ್ಯ ಓದಿ, ಬಳಕೆದಾರರ ಆಯ್ಕೆ ಉಳಿಸಿಡುವ ಪೋರ್ಟ್‌ಲೆಟ್‌ಪ್ರಿಫರೆನ್ಸಸ್‌ನಲ್ಲಿ ಹಾಕಿ, ಸ್ಟೋರ್ ಕರೆಯಿರಿ. ಅದು ಯಶಸ್ವಿಯಾದ ಮೇಲೆ ಆ್ಯಕ್ಷನ್‌ರೆಸ್ಪಾನ್ಸ್‌ನಲ್ಲಿ ಮೋಡ್ ಅನ್ನು ವ್ಯೂ ಅಂತ ಇಡಿ. ಮೌಲ್ಯ ಸರಿಯಿಲ್ಲದಿದ್ದರೆ ಮೋಡ್ ಮುಟ್ಟಬೇಡಿ. ಎಡಿಟ್‌ನಲ್ಲೇ ಉಳಿದು ತಪ್ಪಿನ ಸಂದೇಶ ತೋರಿಸುತ್ತದೆ.

ನೀವು ಮೋಡ್ ಇಟ್ಟ ಮಾತ್ರಕ್ಕೆ ಮುಂದಿನ ರೆಂಡರ್ ಅದರಲ್ಲೇ ಆಗುತ್ತದೆ ಅಂತ ಕೋಡ್ ನಂಬಿಕೊಳ್ಳಬಾರದು. ಹಕ್ಕು ಇಲ್ಲದ ಬಳಕೆದಾರರಿಗೆ ಪೋರ್ಟಲ್ ಅದನ್ನು ಬದಲಿಸಬಹುದು. ಪ್ರತಿ ರೆಂಡರ್‌ನಲ್ಲೂ ಮೋಡ್ ಯಾವುದು ಅಂತ ರಿಕ್ವೆಸ್ಟ್ ಅನ್ನೇ ಕೇಳಿ. ಸೆಷನ್‌ನಲ್ಲಿ ಬಚ್ಚಿಟ್ಟು ಅದನ್ನು ಓದುವ ಕೋಡ್ ಇದ್ದರೆ ಇವತ್ತೇ ತೆಗೆದುಹಾಕಿ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್ ಮೇಡಂ. ಎಂವಿಸಿಪಾತ್ ಇತ್ತು, ಡುಡಿಸ್ಪ್ಯಾಚ್ ಬದಲಾಯಿಸಿದೆ, ಮೊದಲನೆಯದು ಸರಿಹೋಯಿತು. ಸೇವ್ ಆದ ಮೇಲೆ ವ್ಯೂಗೂ ಬರುತ್ತಿದೆ. ಆದರೆ ವಿವರದ ಪುಟದಿಂದ ಹೋದವರೂ ಸೇವ್ ಮಾಡಿದರೆ ಪಟ್ಟಿಗೆ ಬರುತ್ತಿದ್ದಾರೆ. ಪ್ಯಾರಾಮೀಟರ್ ಉಳಿಯುತ್ತದೆ ಅಂದಿರಲ್ಲ?

ಉತ್ತರ:
ಆ್ಯಕ್ಷನ್‌ಗೆ ನಿಯಮ ಬೇರೆ. ಆ್ಯಕ್ಷನ್ ನಡೆದಾಗ ಹಳೇ ರೆಂಡರ್ ಪ್ಯಾರಾಮೀಟರ್‌ಗಳು ಹೋಗುತ್ತವೆ. ಫಾರ್ಮ್‌ನಲ್ಲಿ ಬಂದ ಪ್ಯಾರಾಮೀಟರ್‌ಗಳು ರೆಂಡರ್‌ಗೆ ತಾವಾಗಿಯೇ ದಾಟುವುದಿಲ್ಲ. ಪ್ರೊಸೆಸ್‌ಆ್ಯಕ್ಷನ್‌ನಲ್ಲಿ ನೀವು ಕೈಯಾರೆ ಇಟ್ಟದ್ದು ಮಾತ್ರ ಮುಂದೆ ಹೋಗುತ್ತದೆ. ಏನೂ ಇಡದಿದ್ದರೆ ರೆಂಡರ್ ಬರಿಗೈಯಲ್ಲಿ ಶುರುವಾಗುತ್ತದೆ, ಅದಕ್ಕೇ ಪಟ್ಟಿ ಬಂತು.

ಎಡಿಟ್ ಫಾರ್ಮ್‌ನಲ್ಲಿ ಪುಟದ ಹೆಸರು ಮತ್ತು ಅರ್ಜಿಯ ಸಂಖ್ಯೆಯನ್ನು ಹಿಡನ್ ಫೀಲ್ಡ್ ಆಗಿ ಇಡಿ. ಪ್ರೊಸೆಸ್‌ಆ್ಯಕ್ಷನ್‌ನಲ್ಲಿ ಅವನ್ನು ಓದಿ ಸೆಟ್‌ರೆಂಡರ್‌ಪ್ಯಾರಾಮೀಟರ್ ಮೂಲಕ ಮತ್ತೆ ಕೊಡಿ. ತಪ್ಪಿನ ಸಂದೇಶ ತೋರಿಸುವ ದಾರಿಯಲ್ಲೂ ಇದನ್ನು ಮಾಡಿ. ಇಲ್ಲದಿದ್ದರೆ ಒಮ್ಮೆ ತಪ್ಪು ಮಾಡಿ ಎರಡನೇ ಸಲ ಸೇವ್ ಮಾಡಿದವರು ಮಾತ್ರ ಪಟ್ಟಿಗೆ ಬೀಳುತ್ತಾರೆ. ಅಂಥ ದೋಷ ಟೆಸ್ಟಿಂಗ್‌ನಲ್ಲಿ ಸುಲಭವಾಗಿ ಕೈಗೆ ಸಿಗುವುದಿಲ್ಲ.

ಇಷ್ಟು ಕೈಹಾಕಿದ್ದೀರಿ, ಇನ್ನೊಂದನ್ನೂ ಮಾಡಿಬಿಡಿ. ಜೆಎಸ್‌ಪಿಯ ದಾರಿಯನ್ನೇ ಲಿಂಕ್‌ನಲ್ಲಿ ಇಡುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಲಿಂಕ್‌ನಲ್ಲಿರುವುದನ್ನು ಯಾರು ಬೇಕಾದರೂ ತಿದ್ದಬಹುದು. 'ಪಟ್ಟಿ', 'ವಿವರ' ಅಂತ ಚಿಕ್ಕ ಹೆಸರು ಕಳಿಸಿ, ಯಾವ ಹೆಸರಿಗೆ ಯಾವ ಜೆಎಸ್‌ಪಿ ಅನ್ನುವುದನ್ನು ಜಾವಾ ಕಡೆ ಇಟ್ಟುಕೊಳ್ಳಿ. ಮುಂದೆ ಎಡಿಟ್‌ನಲ್ಲೂ ಒಂದಕ್ಕಿಂತ ಜಾಸ್ತಿ ಪುಟ ಬಂದರೆ ಅದಕ್ಕೆ ಬೇರೆಯದೇ ಪ್ಯಾರಾಮೀಟರ್ ಇರಲಿ. ಸ್ಪ್ರಿಂಗ್‌ನ ಪೋರ್ಟ್‌ಲೆಟ್ ಎಂವಿಸಿಯಲ್ಲಿ ಮೋಡ್ ಮತ್ತು ಪ್ಯಾರಾಮೀಟರ್ ಎರಡನ್ನೂ ನೋಡಿ ದಾರಿ ಹಿಡಿಯುವ ಒಂದು ಮ್ಯಾಪಿಂಗ್ ಕ್ಲಾಸ್ ಇತ್ತು. ಒಂದೇ ಪ್ಯಾರಾಮೀಟರ್ ಮೌಲ್ಯವನ್ನು ಎರಡು ಮೋಡ್‌ಗಳಲ್ಲಿ ಬಳಸಲು ಅದು ತಾನಾಗಿ ಬಿಡುತ್ತಿರಲಿಲ್ಲ. ಪೋರ್ಟಲ್ ತಾನೇ ಮೋಡ್ ಬದಲಾಯಿಸಿದಾಗ ಹಳೇ ಪ್ಯಾರಾಮೀಟರ್ ಜೊತೆಗೆ ಬರುತ್ತದೆ ಅಂತ ಬರೆದವರಿಗೆ ಚೆನ್ನಾಗಿ ಗೊತ್ತಿತ್ತು.

ಇನ್ನೊಬ್ಬ ಸದಸ್ಯರು:
ಇಷ್ಟೆಲ್ಲಾ ಯಾಕೆ ಸರ್? ಪ್ರೊಸೆಸ್‌ಆ್ಯಕ್ಷನ್ ಕೊನೆಯಲ್ಲಿ ಬ್ರೌಸರನ್ನು ಬೇರೆ ವಿಳಾಸಕ್ಕೆ ಕಳಿಸುವ ಸೆಂಡ್‌ರಿಡೈರೆಕ್ಟ್ ಹಾಕಿಬಿಡಿ. ಸರ್ವ್‌ಲೆಟ್‌ನಲ್ಲಿ ಹಾಗೇ ಮಾಡುತ್ತೇವೆ. ರಿಫ್ರೆಶ್ ಒತ್ತಿದರೆ ಎರಡು ಸಲ ಸೇವ್ ಆಗುವ ತೊಂದರೆಯೂ ಹೋಗುತ್ತದೆ.

ಉತ್ತರ:
ರಿಫ್ರೆಶ್ ಬಗ್ಗೆ ನೀವು ಹೇಳಿದ್ದು ನಿಜ. ಲೈಫ್‌ರೇ ತಾನಾಗಿ ಆ್ಯಕ್ಷನ್ ಮತ್ತು ರೆಂಡರ್ ಎರಡನ್ನೂ ಒಂದೇ ವಿನಂತಿಯಲ್ಲಿ ಮುಗಿಸುತ್ತದೆ. ಬ್ರೌಸರ್‌ನಲ್ಲಿ ಆ್ಯಕ್ಷನ್‌ನ ವಿಳಾಸವೇ ಉಳಿಯುತ್ತದೆ. ರಿಫ್ರೆಶ್ ಮಾಡಿದರೆ ಫಾರ್ಮ್ ಮತ್ತೆ ಹೋಗುತ್ತದೆ. ಪುಟಕ್ಕೆ ಎಷ್ಟು ಅರ್ಜಿ ಅನ್ನುವ ಆಯ್ಕೆಗೆ ಅದರಿಂದ ನಷ್ಟವಿಲ್ಲ. ರಜೆ ಅರ್ಜಿಯನ್ನೇ ಎರಡು ಸಲ ಸಲ್ಲಿಸಿದಂತಾದರೆ ಒಬ್ಬ ನೌಕರರ ರಜೆ ಲೆಕ್ಕ ತಪ್ಪುತ್ತದೆ. ಅದು ಸಣ್ಣ ವಿಷಯ ಅಲ್ಲ.

ಆದರೆ ಸೆಂಡ್‌ರಿಡೈರೆಕ್ಟ್ ಮತ್ತು ಮೋಡ್ ಬದಲಾವಣೆ ಒಟ್ಟಿಗೆ ನಡೆಯುವುದಿಲ್ಲ. ಮೋಡ್ ಅಥವಾ ರೆಂಡರ್ ಪ್ಯಾರಾಮೀಟರ್ ಇಟ್ಟ ಮೇಲೆ ಬರೀ ವಿಳಾಸ ಕೊಟ್ಟು ಸೆಂಡ್‌ರಿಡೈರೆಕ್ಟ್ ಕರೆದರೆ ಇಲ್ಲೀಗಲ್‌ಸ್ಟೇಟ್‌ಎಕ್ಸೆಪ್ಶನ್ ಬರುತ್ತದೆ. ಮೊದಲು ಸೆಂಡ್‌ರಿಡೈರೆಕ್ಟ್ ಕರೆದು ಆಮೇಲೆ ಮೋಡ್ ಇಟ್ಟರೂ ಅದೇ ಗತಿ.

ದಾರಿ ಎರಡಿವೆ. ಲೈಫ್‌ರೇಯ ಲೈಫ್‌ರೇ-ಪೋರ್ಟ್‌ಲೆಟ್ ಎಕ್ಸ್‌ಎಂಎಲ್‌ನಲ್ಲಿ ಆ್ಯಕ್ಷನ್-ಯುಆರ್‌ಎಲ್-ರಿಡೈರೆಕ್ಟ್ ಅನ್ನುವ ಸೆಟ್ಟಿಂಗ್ ಇದೆ. ಅದನ್ನು ಟ್ರೂ ಮಾಡಿದರೆ ಆ್ಯಕ್ಷನ್ ಆದ ಮೇಲೆ ಪೋರ್ಟಲ್ ತಾನೇ ರಿಡೈರೆಕ್ಟ್ ಮಾಡುತ್ತದೆ. ಇವರ ಪೋರ್ಟ್‌ಲೆಟ್‌ಗೆ ನಾನು ಇದನ್ನೇ ಆರಿಸುತ್ತೇನೆ. ಇನ್ನೊಂದು, ವ್ಯೂ ಮೋಡ್‌ನ ರೆಂಡರ್ ಯುಆರ್‌ಎಲ್ ಅನ್ನು ಜೆಎಸ್‌ಪಿಯಲ್ಲೇ ತಯಾರಿಸಿ ಹಿಡನ್ ಫೀಲ್ಡ್‌ನಲ್ಲಿ ಕಳಿಸಿ, ಆ್ಯಕ್ಷನ್‌ನಲ್ಲಿ ಅದಕ್ಕೆ ರಿಡೈರೆಕ್ಟ್ ಮಾಡುವುದು. ಆಗ ಆ ವಿಳಾಸ ನಿಮ್ಮ ಪೋರ್ಟಲ್‌ನದ್ದೇನಾ ಅಂತ ಪರೀಕ್ಷಿಸದೆ ಬಿಡಬೇಡಿ. ಹೊರಗಿನ ಸೈಟಿಗೆ ಜನರನ್ನು ಎಳೆದೊಯ್ಯುವ ಬಾಗಿಲು ತೆರೆದಂತಾಗುತ್ತದೆ.

ಪ್ರಶ್ನೆ ಕೇಳಿದವರು:
ಮೆನು ಯಾರ ಕಣ್ಣಿಗೂ ಬೀಳುವುದಿಲ್ಲ ಅಂತ ದೂರು ಬಂದಿದೆ ಮೇಡಂ. ಪಟ್ಟಿಯ ಮೇಲೆಯೇ 'ಆಯ್ಕೆಗಳು' ಅಂತ ಒಂದು ಲಿಂಕ್ ಹಾಕಬಹುದಾ? ಜೊತೆಗೆ ಸೇವ್ ಅನ್ನು ಅಜಾಕ್ಸ್‌ನಲ್ಲಿ (ಪುಟ ಪೂರ್ತಿ ಲೋಡ್ ಆಗದೆ) ಮಾಡಲು ಮ್ಯಾನೇಜರ್ ಹೇಳುತ್ತಿದ್ದಾರೆ.

ಉತ್ತರ:
ಲಿಂಕ್ ಖಂಡಿತ ಹಾಕಬಹುದು. ರೆಂಡರ್‌ಯುಆರ್‌ಎಲ್ ಟ್ಯಾಗ್‌ಗೆ ಪೋರ್ಟ್‌ಲೆಟ್‌ಮೋಡ್ ಅನ್ನುವ ಆಟ್ರಿಬ್ಯೂಟ್ ಇದೆ, ಅದರಲ್ಲಿ ಎಡಿಟ್ ಅಂತ ಕೊಡಿ. ಪೋರ್ಟ್‌ಲೆಟ್ ಎಕ್ಸ್‌ಎಂಎಲ್‌ನ ಸಪೋರ್ಟ್ಸ್ ಭಾಗದಲ್ಲಿ ಎಡಿಟ್ ಬರೆದಿರಬೇಕು. ನಿಮ್ಮಲ್ಲಿ ಈಗಾಗಲೇ ಇದೆ. ಲಾಗಿನ್ ಆಗದವರಿಗೆ ಎಡಿಟ್ ಸಿಗದಂತೆ ಪೋರ್ಟಲ್ ತಡೆದಿರಬಹುದು. ಅಂಥವರಿಗೆ ಲಿಂಕ್ ಬರೆಯಲು ಹೊರಟರೆ ಟ್ಯಾಗ್ ಎಕ್ಸೆಪ್ಶನ್ ಎಸೆದು ಪೋರ್ಟ್‌ಲೆಟ್ ಪೂರ್ತಿ ಕೆಡುತ್ತದೆ. ಇಸ್‌ಪೋರ್ಟ್‌ಲೆಟ್‌ಮೋಡ್‌ಅಲೌಡ್ ಅಂತ ರಿಕ್ವೆಸ್ಟ್‌ನಲ್ಲಿ ಕೇಳಿ, ಹೌದು ಅಂದರೆ ಮಾತ್ರ ಲಿಂಕ್ ತೋರಿಸಿ.

ಒಂದು ವ್ಯತ್ಯಾಸ ನೆನಪಿಡಿ. ಪೋರ್ಟಲ್‌ನ ಮೆನು ಹಳೇ ಪ್ಯಾರಾಮೀಟರ್ ಉಳಿಸುತ್ತದೆ. ನೀವು ಮಾಡಿದ ರೆಂಡರ್ ಯುಆರ್‌ಎಲ್‌ನಲ್ಲಿ ನೀವು ಹಾಕಿದ್ದು ಮಾತ್ರ ಇರುತ್ತದೆ. ವಿವರದ ಪುಟದಲ್ಲೂ ಈ ಲಿಂಕ್ ಇಟ್ಟರೆ ಪುಟದ ಹೆಸರು, ಅರ್ಜಿಯ ಸಂಖ್ಯೆ ಎರಡನ್ನೂ ಅದಕ್ಕೆ ಸೇರಿಸಿ.

ಅಜಾಕ್ಸ್ ವಿಷಯ. ಅಂಥ ವಿನಂತಿಗೆ ಜೆಎಸ್‌ಆರ್ 286ರಿಂದ ಸರ್ವ್‌ರಿಸೋರ್ಸ್ ಮೆಥಡ್ ಇದೆ, ಅಲ್ಲಿ ಪ್ರಿಫರೆನ್ಸ್ ಸ್ಟೋರ್ ಮಾಡಬಹುದು. ಆದರೆ ಅಲ್ಲಿಂದ ಮೋಡ್ ಬದಲಾಯಿಸಲು ಆಗುವುದಿಲ್ಲ, ರೆಂಡರ್ ಪ್ಯಾರಾಮೀಟರ್ ಇಡಲೂ ಆಗುವುದಿಲ್ಲ. ಸೇವ್ ಆದ ಮೇಲೆ ಜಾವಾಸ್ಕ್ರಿಪ್ಟ್‌ನಿಂದ ವ್ಯೂ ಮೋಡ್‌ನ ರೆಂಡರ್ ಯುಆರ್‌ಎಲ್‌ಗೆ ಹೋಗಬೇಕಾಗುತ್ತದೆ. ಹೇಗಿದ್ದರೂ ಪುಟ ಪೂರ್ತಿ ಮತ್ತೆ ಬರುತ್ತದೆ. ಈ ಒಂದು ಫಾರ್ಮ್‌ಗೆ ಅಜಾಕ್ಸ್ ಬೇಡ ಅಂತ ನಿಮ್ಮ ಮ್ಯಾನೇಜರ್‌ಗೆ ಹೇಳಿ ನೋಡಿ.

ಮತ್ತೊಬ್ಬ ಸದಸ್ಯರು:
ಮೇಡಂ, ನಮ್ಮದು ಜೆಎಸ್‌ಎಫ್ (ಜಾವಾದ ವೆಬ್ ಪುಟಗಳ ಫ್ರೇಮ್‌ವರ್ಕ್), ಅದನ್ನು ಪೋರ್ಟ್‌ಲೆಟ್ ಆಗಿ ನಡೆಸುವ ಬ್ರಿಡ್ಜ್ ಮೇಲೆ ಓಡುತ್ತದೆ. ಪ್ರೊಸೆಸ್‌ಆ್ಯಕ್ಷನ್ ನಾವು ಬರೆಯುವುದೇ ಇಲ್ಲ. ನ್ಯಾವಿಗೇಷನ್ ರೂಲ್‌ನಿಂದ ಮೋಡ್ ಬದಲಾಯಿಸುವುದು ಹೇಗೆ?

ಉತ್ತರ:
ಬ್ರಿಡ್ಜ್‌ನ ಜೆಎಸ್‌ಆರ್ 301 ಮತ್ತು 329 ಇದಕ್ಕೆ ದಾರಿ ಮಾಡಿಕೊಟ್ಟಿವೆ. ಪ್ರತಿ ಮೋಡ್‌ಗೂ ಮೊದಲ ಪುಟ ಯಾವುದು ಅಂತ ಪೋರ್ಟ್‌ಲೆಟ್ ಎಕ್ಸ್‌ಎಂಎಲ್‌ನಲ್ಲಿ ಇನಿಟ್ ಪ್ಯಾರಾಮೀಟರ್ ಆಗಿ ಕೊಟ್ಟಿರುತ್ತೀರಿ. ನ್ಯಾವಿಗೇಷನ್ ರೂಲ್‌ನ ಟು-ವ್ಯೂ-ಐಡಿಯಲ್ಲಿ ಪುಟದ ಹೆಸರಿನ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಜಾವಾಎಕ್ಸ್ ಡಾಟ್ ಪೋರ್ಟ್‌ಲೆಟ್ ಡಾಟ್ ಫೇಸಸ್ ಡಾಟ್ ಪೋರ್ಟ್‌ಲೆಟ್‌ಮೋಡ್ ಅನ್ನುವ ಪ್ಯಾರಾಮೀಟರ್‌ಗೆ ಬೇಕಾದ ಮೋಡ್ ಕೊಡಿ. ಬ್ರಿಡ್ಜ್ ಅದನ್ನು ಓದಿ ಆ್ಯಕ್ಷನ್ ಹಂತದಲ್ಲೇ ಮೋಡ್ ಬದಲಾಯಿಸುತ್ತದೆ.

ಎಡಿಟ್‌ನಿಂದ ವಾಪಸ್ ಬರುವಾಗ ಪುಟದ ಹೆಸರನ್ನು ನೇರವಾಗಿ ಬರೆಯಬೇಡಿ. ಪ್ರತಿ ಮೋಡ್‌ನಲ್ಲಿ ಕೊನೆಗೆ ನೋಡಿದ ಪುಟವನ್ನು ಬ್ರಿಡ್ಜ್ ಸೆಷನ್‌ನಲ್ಲಿ ಜಾವಾಎಕ್ಸ್ ಡಾಟ್ ಪೋರ್ಟ್‌ಲೆಟ್ ಡಾಟ್ ಫೇಸಸ್ ಡಾಟ್ ವ್ಯೂಐಡಿಹಿಸ್ಟರಿ ಅನ್ನುವ ಹೆಸರಿನಲ್ಲಿ ಇಟ್ಟಿರುತ್ತದೆ, ಹೆಸರಿನ ಕೊನೆಗೆ ಡಾಟ್ ಮತ್ತು ಮೋಡ್ ಸೇರುತ್ತದೆ. ಟು-ವ್ಯೂ-ಐಡಿಯಲ್ಲಿ ಇಎಲ್ (ಎಕ್ಸ್‌ಪ್ರೆಶನ್ ಲ್ಯಾಂಗ್ವೇಜ್) ಮೂಲಕ ಅದನ್ನು ಕರೆಯಿರಿ. ಟು-ವ್ಯೂ-ಐಡಿಯಲ್ಲಿ ಇಎಲ್ ನಡೆಯುವುದು ಜೆಎಸ್‌ಎಫ್ 2.0ರಿಂದ. ನಿಮ್ಮದು 1.2 ಆಗಿದ್ದರೆ ಯಾವ ಬ್ರಿಡ್ಜ್, ಯಾವ ಆವೃತ್ತಿ ಅಂತ ಇಲ್ಲೇ ತಿಳಿಸಿ, ನೋಡಿ ಹೇಳುತ್ತೇನೆ.