ಕ್ಲಬ್ ಪೆಂಗ್ವಿನ್‌ನಲ್ಲಿದ್ದ ನಮ್ಮ ಹಳೆಯ ಇಗ್ಲೂ ಮತ್ತೆ ಸಿಗಬಹುದಾ?

ನೀಲಿ_ಪಫಲ್ ಕೇಳಿದ್ದು:

ನಾನು ಮತ್ತು ನನ್ನ ತಮ್ಮ 2010ರಲ್ಲಿ ಕ್ಲಬ್ ಪೆಂಗ್ವಿನ್ ಅನ್ನುವ ಮಕ್ಕಳ ಆನ್‌ಲೈನ್ ಆಟ ಆಡಲು ಶುರು ಮಾಡಿದೆವು. ನನಗೆ ಹನ್ನೊಂದು, ಅವನಿಗೆ ಆರು. ಇಬ್ಬರಿಗೂ ಸೇರಿ ಒಂದೇ ಖಾತೆ. ಅರ್ಧ ಗಂಟೆ ನನಗೆ, ಅರ್ಧ ಗಂಟೆ ಅವನಿಗೆ. ಅವನಿಗೆ ಟೈಪ್ ಮಾಡಲು ಬರುತ್ತಿರಲಿಲ್ಲ. ಅವನು ಹೇಳಿದ್ದನ್ನು ನಾನೇ ಬರೆಯುತ್ತಿದ್ದೆ.

ದುಡ್ಡು ಕೊಟ್ಟು ಮೆಂಬರ್‌ಶಿಪ್ ತಗೊಂಡಿರಲಿಲ್ಲ. ಹಾಗಾಗಿ ಇಗ್ಲೂ, ಅಂದರೆ ನಮ್ಮ ಪೆಂಗ್ವಿನ್‌ನ ಹಿಮದ ಮನೆ, ಅದರ ಒಳಗೆ ಕುರ್ಚಿ, ಮೇಜು ಏನೂ ಇರಲಿಲ್ಲ. ಪಫಲ್ ಅನ್ನುವ ಪುಟ್ಟ ಸಾಕುಪ್ರಾಣಿ ಒಂದಿತ್ತು, ನೀಲಿ ಬಣ್ಣದ್ದು. ಅದಕ್ಕೆ ತಮ್ಮ ಗುಂಡು ಅಂತ ಹೆಸರಿಟ್ಟಿದ್ದ. ಆಟದ ದ್ವೀಪದಲ್ಲಿ ಎಲ್ಲೋ ಒಂದು ಕಡೆ ಆಟದವರು ಬಚ್ಚಿಡುತ್ತಿದ್ದ ಬ್ಯಾಡ್ಜ್‌ನಂಥ ಪುಟ್ಟ ಪಿನ್‌ಗಳನ್ನು ಹುಡುಕಿ ಕೂಡಿಡುವುದು ಅವನ ದೊಡ್ಡ ಕೆಲಸ. ಉಳಿದ ಹೊತ್ತೆಲ್ಲ ಸ್ಕೀ ಲಾಡ್ಜ್‌ನಲ್ಲಿ ಮೀನು ಹಿಡಿಯುತ್ತಿದ್ದ.

2017ರ ಮಾರ್ಚ್ ಕೊನೆಗೆ ಆಟ ಮುಚ್ಚಿತು. ಆಗ ನನಗೆ ಪರೀಕ್ಷೆ. ತಮ್ಮ ಬಂದು ಕರೆದ. "ಆಮೇಲೆ ಬರ್ತೀನಿ" ಅಂದೆ. ಹೋಗಲಿಲ್ಲ. ಅವನೊಬ್ಬನೇ ಕೂತು ಕೊನೆವರೆಗೂ ಇದ್ದ.

ಈಗ ಅವನು ಕೆಲಸಕ್ಕಾಗಿ ದೂರ ಹೊರಟಿದ್ದಾನೆ. ಹೋಗುವ ಮೊದಲು ಆ ಇಗ್ಲೂವನ್ನು ಒಮ್ಮೆ ಅವನಿಗೆ ತೋರಿಸಬೇಕು ಅಂತ ತುಂಬಾ ಆಸೆ. ಯೂಸರ್‌ನೇಮ್, ಪಾಸ್‌ವರ್ಡ್ ಎರಡೂ ಹಳೆಯ ನೋಟ್‌ಬುಕ್‌ನಲ್ಲಿವೆ. ಏನಾದರೂ ದಾರಿ ಇದೆಯಾ?

ಐಸ್‌ಬರ್ಗ್_ಕಾವಲು:

ನೇರವಾಗಿ ಹೇಳಿಬಿಡುತ್ತೇನೆ. ಆ ಖಾತೆ ಸಿಗುವುದಿಲ್ಲ. ಸುಮ್ನೆ ಆಸೆ ಹುಟ್ಟಿಸಲು ನನಗೆ ಇಷ್ಟವಿಲ್ಲ.

ಯಾಕೆ ಅಂತ ಹೇಳುತ್ತೇನೆ. ಈ ಆಟ ಎರಡು ಭಾಗವಾಗಿತ್ತು. ಕಣ್ಣಿಗೆ ಕಾಣುವುದೆಲ್ಲ, ಅಂದರೆ ಹಿಮ, ಕಾಫಿ ಶಾಪ್, ಸಂಗೀತ, ಫ್ಲ್ಯಾಶ್ ಅನ್ನುವ ಅಡೋಬಿ ತಂತ್ರಾಂಶದ ಫೈಲುಗಳಾಗಿ ನಮ್ಮ ಕಂಪ್ಯೂಟರ್‌ಗೆ ಇಳಿದು ಬರುತ್ತಿತ್ತು. ಅದನ್ನು ಅಭಿಮಾನಿಗಳು ಹುಷಾರಾಗಿ ಉಳಿಸಿಕೊಂಡರು. ಆದರೆ ನಿಮ್ಮ ಪೆಂಗ್ವಿನ್ ಯಾವುದು, ಅದರ ಬಳಿ ಎಷ್ಟು ನಾಣ್ಯ, ಯಾವ ಪಿನ್, ಪಫಲ್ ಹೆಸರೇನು, ಇದೆಲ್ಲ ಕಂಪನಿಯ ಸರ್ವರ್‌ನಲ್ಲಿತ್ತು. ಅದು ಹೊರಗೆ ಬರಲೇ ಇಲ್ಲ. ಗುಂಡು ಇದ್ದದ್ದು ಅಲ್ಲಿ.

ಮುಂದೆ ಬಂದ ನಕಲು ತಾಣಗಳು ಆ ಸರ್ವರ್ ಭಾಗವನ್ನು ತಾವೇ ಹೊಸದಾಗಿ ಬರೆದುಕೊಂಡವು. ಅಲ್ಲಿ ನಿಮ್ಮ ಹಳೆಯ ಹೆಸರನ್ನೇ ಕೊಟ್ಟರೂ ಹುಟ್ಟುವುದು ಹೊಸ ಪೆಂಗ್ವಿನ್.

ಇನ್ನೊಂದು ತೊಡಕು ಫ್ಲ್ಯಾಶ್‌ನದ್ದು. 2020ರ ಡಿಸೆಂಬರ್ 31ಕ್ಕೆ ಅಡೋಬಿ ಅದಕ್ಕೆ ಬೆಂಬಲ ನಿಲ್ಲಿಸಿತು. ಬ್ರೌಸರ್‌ಗಳೂ ಕೈಬಿಟ್ಟವು. ಈಗ ರಫಲ್ ಅನ್ನುವ ಉಚಿತ ತಂತ್ರಾಂಶ ಹಳೆಯ ಫ್ಲ್ಯಾಶ್ ಫೈಲುಗಳನ್ನು ಓಡಿಸುತ್ತದೆ. ಎಲ್ಲವನ್ನೂ ಅಲ್ಲ, ಆದರೂ ಬಹಳಷ್ಟನ್ನು.

ನಿಮ್ಮ ಜಾಗದಲ್ಲಿ ನಾನಿದ್ದರೆ ಇಗ್ಲೂ ಬಿಟ್ಟು ಬೇರೆ ಗುರುತುಗಳನ್ನು ಹುಡುಕುತ್ತಿದ್ದೆ. ಖಾತೆ ತೆರೆಯುವಾಗ ಹೆತ್ತವರ ಇಮೇಲ್ ಕೊಡಬೇಕಿತ್ತು, ನೆನಪಿದೆಯಾ? ಆ ಇಮೇಲ್ ಪೆಟ್ಟಿಗೆ ಇನ್ನೂ ಇದ್ದರೆ ಹುಡುಕಿ. ಹಳೆಯ ಹಾರ್ಡ್ ಡಿಸ್ಕ್, ಹಳೆಯ ಫೋನ್, ಯಾವುದನ್ನೂ ಬಿಡಬೇಡಿ. ಪರದೆಯ ಒಂದು ಚಿತ್ರ ಸಿಕ್ಕರೂ ಸಾಕು.

ಎಂಟು_ವರ್ಷದವಳ_ಅಮ್ಮ:

ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನಕಲು ತಾಣದ ಮಾತು ಬಂತಲ್ವಾ, ಅದಕ್ಕೇ ಕೇಳುತ್ತಿದ್ದೇನೆ. ನಾನು ಚಿಕ್ಕವಳಿದ್ದಾಗ ಆಡಿದ್ದೆ ಅಂತ ಮಗಳಿಗೆ ಅಂಥದ್ದೊಂದರಲ್ಲಿ ಖಾತೆ ಮಾಡಿಕೊಟ್ಟೆ. ನೋಡಲು ಎಲ್ಲ ಹಾಗೇ ಇತ್ತು. ಕಣ್ಣು ತುಂಬಿ ಬಂತು. ಹತ್ತು ನಿಮಿಷದೊಳಗೆ ಯಾರೋ ಅವಳ ವಯಸ್ಸು ಕೇಳಿದರು. ಆಮೇಲೆ ಫೋನ್ ನಂಬರ್ ಕೇಳಿದರು. ಪಕ್ಕದಲ್ಲೇ ಕೂತಿದ್ದೆ, ತಕ್ಷಣ ಮುಚ್ಚಿದೆ. ನಮ್ಮ ಕಾಲದಲ್ಲಿ ಹೀಗಿರಲಿಲ್ಲ. ಅಥವಾ ನನಗೆ ಗೊತ್ತಾಗುತ್ತಿರಲಿಲ್ಲವಾ?

ಐಸ್‌ಬರ್ಗ್_ಕಾವಲು:

ಮುಚ್ಚಿದ್ದು ಒಳ್ಳೆಯದೇ ಆಯಿತು. ನೀವು ಅಂದುಕೊಂಡಿದ್ದು ಸರಿ, ಆಗ ಕಾವಲು ಜಾಸ್ತಿ ಇತ್ತು.

ಕೆನಡಾದ ಕೆಲೋನಾ ಊರಿನ ಮೂವರು ಸೇರಿ 2005ರ ಅಕ್ಟೋಬರ್ 24ರಂದು ಇದನ್ನು ಶುರು ಮಾಡಿದರು: ಲ್ಯಾನ್ಸ್ ಪ್ರೀಬಿ, ಲೇನ್ ಮೆರಿಫೀಲ್ಡ್, ಡೇವ್ ಕ್ರಿಸ್ಕೊ. ತಮ್ಮ ಮಕ್ಕಳನ್ನು ಧೈರ್ಯವಾಗಿ ಬಿಡಬಹುದಾದ, ಹೊರಗಿನ ಜಾಹೀರಾತು ಇಲ್ಲದ ಜಾಗ ಬೇಕು ಅನ್ನುವುದೇ ಅವರ ಯೋಚನೆ. 2007ರಲ್ಲಿ ಡಿಸ್ನಿ 35 ಕೋಟಿ ಡಾಲರ್ ಕೊಟ್ಟು ಕೊಂಡಿತು. ಆಮೇಲೂ ಕಾವಲು ಮುಂದುವರಿಯಿತು. ಮಾತುಕತೆಯನ್ನು ನೋಡಿಕೊಳ್ಳಲು ಸಂಬಳದ ಜನ ಇದ್ದರು. ಪುಟ್ಟ ಮಕ್ಕಳಿಗೆ ಸಿದ್ಧ ವಾಕ್ಯಗಳನ್ನಷ್ಟೇ ಆರಿಸಿ ಹೇಳುವ ವ್ಯವಸ್ಥೆ ಇತ್ತು. ಟೈಪ್ ಮಾಡುವವರಿಗೂ ಜರಡಿ ಇತ್ತು. ಒಪ್ಪಿದ ಪದಗಳ ಪಟ್ಟಿಯಲ್ಲಿ ಇಲ್ಲದ ಪದ ಬರೆದರೆ ಅದು ಬರೆದವರ ಪರದೆಯಲ್ಲಿ ಮಾತ್ರ ಕಾಣುತ್ತಿತ್ತು. ಉಳಿದವರಿಗೆ ಕಾಣುತ್ತಲೇ ಇರಲಿಲ್ಲ.

ನಕಲು ಮಾಡಿದವರಿಗೆ ಚಿತ್ರಗಳು ಸಿಕ್ಕವು. ಈ ಕಾವಲು ಸಿಗಲಿಲ್ಲ. 2020ರಲ್ಲಿ ಕ್ಲಬ್ ಪೆಂಗ್ವಿನ್ ಆನ್‌ಲೈನ್ ಅನ್ನುವ ತಾಣದಲ್ಲಿ ಮಕ್ಕಳ ಕಣ್ಣಿಗೆ ಬೀಳಬಾರದ ಮಾತುಗಳು ಓಡಾಡುತ್ತಿವೆ ಅಂತ ಬಿಬಿಸಿ ವರದಿ ಮಾಡಿತು. ಡಿಸ್ನಿ ನೋಟಿಸ್ ಕೊಟ್ಟ ಮೇಲೆ ಅದು ಮುಚ್ಚಿತು. ಕ್ಲಬ್ ಪೆಂಗ್ವಿನ್ ರೀರಿಟನ್ 2022ರ ಏಪ್ರಿಲ್‌ವರೆಗೆ ನಡೆಯಿತು, ಕೊನೆಗೆ ಲಂಡನ್ ಪೊಲೀಸರು ತಡೆದರು. ಅದರಿಂದ 2019ರಲ್ಲಿ ಸುಮಾರು 40 ಲಕ್ಷ ಖಾತೆಗಳ ವಿವರ ಸೋರಿಹೋಗಿತ್ತು. ಯಾವ ತಾಣಕ್ಕೇ ಹೋಗಿ, ಬೇರೆ ಕಡೆ ಬಳಸಿದ ಪಾಸ್‌ವರ್ಡ್ ಹಾಕಬೇಡಿ. ಮಗಳು ಆಡಲೇಬೇಕು ಅಂದರೆ ಒಬ್ಬಳೇ ಆಡುವ ಮಿನಿ ಆಟಗಳನ್ನು ಕೊಡಿ, ಅಲ್ಲಿ ಮಾತಾಡಿಸುವವರು ಯಾರೂ ಇಲ್ಲ.

ಮಲ್ಲೆಟ್_ಸಿಕ್ಕಿತು:

ಮೀನು ಹಿಡಿಯುವ ಆಟದ ಹೆಸರು ಕೇಳಿ ಬರೆಯದೆ ಇರಲಾಗಲಿಲ್ಲ! ನೀಲಿ_ಪಫಲ್ ಅವರೇ, ನಿಮ್ಮ ತಮ್ಮನಿಗೆ ಆ ದೊಡ್ಡ ಮಲ್ಲೆಟ್ ಸಿಕ್ಕಿತ್ತಾ? ಆಟದ ಕೊನೆಯಲ್ಲಿ ಬರುವ ಮೀನು. ಬರೀ ಹುಳು ಹಾಕಿದರೆ ಅದು ತಿರುಗಿಯೂ ನೋಡುವುದಿಲ್ಲ. ಕೊನೆಯ ಹಳದಿ ಮೀನನ್ನು ಮೇಲೆಳೆಯದೆ ಗಾಳದಲ್ಲೇ ಬಿಟ್ಟುಕೊಂಡು ಕಾಯಬೇಕು. ಬೂಟು, ಪೀಪಾಯಿ ತಗಲದಂತೆ ತಪ್ಪಿಸುತ್ತಾ ಇರಬೇಕು. ನನಗೆ ಇದನ್ನು ಕಲಿಸಿದ್ದು ಸ್ಕೀ ಲಾಡ್ಜ್‌ನಲ್ಲಿ ಸಿಕ್ಕ ಒಂದು ಹಸಿರು ಪೆಂಗ್ವಿನ್. ಯಾವ ದೇಶದ ಮಗುವೋ. ಇವತ್ತಿಗೂ ಅವರಿಗೆ ಥ್ಯಾಂಕ್ಸ್ ಹೇಳಬೇಕು ಅನ್ನಿಸುತ್ತದೆ.

ಮುಚ್ಚುವ ಮೊದಲಿನ ವಾರಗಳಲ್ಲಿ, ಆಟದ ಸಮುದ್ರದಲ್ಲಿ ತೇಲುತ್ತಿದ್ದ ಐಸ್‌ಬರ್ಗ್ ಕೊನೆಗೂ ಮಗುಚಿದ್ದು ನಿಮ್ಮ ತಮ್ಮ ನೋಡಿರಬಹುದು. ಎಷ್ಟೋ ವರ್ಷ ಮಕ್ಕಳೆಲ್ಲ ಹಳದಿ ಹೆಲ್ಮೆಟ್ ಹಾಕಿ ಅದರ ಒಂದು ಅಂಚಿನಲ್ಲಿ ನಿಂತು ಕೊರೆಯುತ್ತಿದ್ದರು. ಎಲ್ಲರೂ ಸೇರಿದರೆ ಮಗುಚುತ್ತದೆ ಅನ್ನುವ ನಂಬಿಕೆ. ಮಗುಚಿದಾಗ ಕೆಳಗೆ ಡಾನ್ಸ್ ಮಾಡುವ ಜಾಗ ಇತ್ತು. ಕೇಳಿ ನೋಡಿ ಅವನನ್ನು.

ನೀಲಿ_ಪಫಲ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಗ್ಲೂ ಸಿಗಲ್ಲ ಅಂತ ಓದಿದಾಗ ಬೇಜಾರಾಯಿತು. ಆದರೆ ಯಾಕೆ ಅಂತ ಅರ್ಥವಾಯಿತು.

ಅಪ್ಪನ ಇಮೇಲ್‌ನಲ್ಲಿ ಏನೂ ಸಿಗಲಿಲ್ಲ. ಕೊನೆಗೆ ತಮ್ಮನನ್ನೇ ಕೇಳಿದೆ. ಐಸ್‌ಬರ್ಗ್ ಮಗುಚಿದ್ದು ನೋಡಿದ್ದಾನಂತೆ. ಮಲ್ಲೆಟ್ ಎರಡು ಸಲ ಸಿಕ್ಕಿತ್ತಂತೆ. ಇದ್ಯಾವುದೂ ನನಗೆ ಗೊತ್ತಿರಲಿಲ್ಲ. ಆಮೇಲೆ ಒಳಗೆ ಹೋಗಿ ಹಳೆಯ ಫೋನ್ ತಂದು ಚಾರ್ಜಿಗೆ ಹಾಕಿದ.

ಅದರಲ್ಲಿ ಒಂದೇ ಒಂದು ಫೋಟೋ ಇದೆ. ಕೊನೆಯ ದಿನ ಕಂಪ್ಯೂಟರ್ ಪರದೆಯ ಮುಂದೆ ಫೋನ್ ಹಿಡಿದು ತೆಗೆದದ್ದು, ಸ್ವಲ್ಪ ಅಲುಗಾಡಿದೆ. ಟೌನ್ ತುಂಬಾ ಪೆಂಗ್ವಿನ್‌ಗಳು. ನಮ್ಮದು ಬಲಗಡೆ ಮೂಲೆಯಲ್ಲಿದೆ, ಪಕ್ಕದಲ್ಲಿ ಗುಂಡು. ತಲೆಯ ಮೇಲಿನ ಮಾತಿನ ಗುಳ್ಳೆಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ "ಅಕ್ಕ ಬಾ" ಅಂತ ಬರೆದಿದ್ದಾನೆ.

ಐಸ್‌ಬರ್ಗ್_ಕಾವಲು ಅವರು ಹೇಳಿದ ಜರಡಿಯ ವಿಷಯ ಅವನಿಗೆ ಹೇಳಿದೆ. ಆ ಪದಗಳು ಪಟ್ಟಿಯಲ್ಲಿ ಇದ್ದಿರಲಾರವು, ಬೇರೆ ಯಾರಿಗೂ ಕಂಡಿರುವುದಿಲ್ಲ ಕಣೋ ಅಂದೆ. "ಬೇರೆಯವರಿಗೆ ಬರೆದದ್ದಲ್ಲವಲ್ಲ" ಅಂದ. ಫೋಟೋ ನನಗೆ ಕಳಿಸಿದ್ದಾನೆ.